ನಿಂಬೆಯಿಂದ ತೆಂಗಿನವರೆಗೆ

ನಮ್ಮ ಮನೆಯಲ್ಲಿ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುವುದು ನಿಂತದ್ದು ನನ್ನ ಹೆಂಡತಿಗೆ ಮೂರು ತಿಂಗಳು ತುಂಬುತ್ತಿದ್ದ ವಾರದಲ್ಲಿ. ಅದಕ್ಕೆ ಬಸುರಿಯ ವಾಕರಿಕೆ ಕಾರಣವಲ್ಲ, ಕಾರಣ ನಾನು. ಮನೆಗೆ ಇನ್ನೊಂದು ಮಗು ಬರಲಿದೆಯೆಂಬ ಸುದ್ದಿಯನ್ನು ನಾಲ್ಕು ವರ್ಷದ ಮಗಳಿಗೆ ಹೇಗೆ ತಿಳಿಸಬೇಕೆಂದು ನಾವಿಬ್ಬರೂ ಎಂಟು ದಿನ ಗುಟ್ಟಾಗಿ ಚರ್ಚಿಸಿ, ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಅಮ್ಮನ ಹೊಟ್ಟೆಯಲ್ಲಿ ಪಾಪು ಇದೆಯೆಂದು ಹೇಳಿದೆವು. ಪಾಪು ಅಲ್ಲಿಗೆ ಹೇಗೆ ಹೋಯಿತೆಂದು ಕೇಳುತ್ತಾಳೆಂಬ ಭಯದಿಂದ ನಾನು ಉತ್ತರವೊಂದನ್ನು ಸಿದ್ಧಮಾಡಿಕೊಂಡಿದ್ದೆ. ಅವಳು ಅದನ್ನು ಕೇಳದೆ, "ಎಷ್ಟಿದೆ?" ಎಂದಳು. ಮಗುವಿನ ಗಾತ್ರವನ್ನು ವಾರಕ್ಕೊಂದು ಹಣ್ಣಿಗೆ ಹೋಲಿಸಿ ತಿಳಿಸುವ ಆ್ಯಪ್ ಒಂದು ಹೆಂಡತಿಯ ಮೊಬೈಲಿನಲ್ಲಿತ್ತು. 12ನೆಯ ವಾರಕ್ಕೆ ಅದು ನಿಂಬೆಹಣ್ಣನ್ನು ತೋರಿಸುತ್ತಿತ್ತು. ಎದುರಿನ ಬುಟ್ಟಿಯಲ್ಲಿಯೇ ನಿಂಬೆಹಣ್ಣುಗಳಿದ್ದುದರಿಂದ ಒಂದನ್ನು ಎತ್ತಿ ಅವಳ ಅಂಗೈಯಲ್ಲಿಟ್ಟು, "ಪಾಪು ಈಗ ನಿಂಬೆಹಣ್ಣು" ಎಂದುಬಿಟ್ಟೆ.

ಐದು ನಿಮಿಷದ ಮೇಲೆ ಹೆಂಡತಿ ಅದೇ ಬುಟ್ಟಿಯಿಂದ ಇನ್ನೊಂದು ನಿಂಬೆಹಣ್ಣನ್ನು ತೆಗೆದು, ಎರಡು ಹೋಳು ಮಾಡಿ, ಅನ್ನದ ಮೇಲೆ ಹಿಂಡಿದಳು. ಆಗ ನಮ್ಮ ಮಗಳಿಂದ ಹೊರಟ ಚೀತ್ಕಾರಕ್ಕೆ ಕೆಳಗಿನ ಮನೆಯ ಮಾಲೀಕರು ಬರಿಗಾಲಿನಲ್ಲಿ ಮೆಟ್ಟಿಲು ಹತ್ತಿ ಬಂದರು.

ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಮಗಳನ್ನು ಸಮಾಧಾನಪಡಿಸಿ ಮಲಗಿಸಿದ ಮೇಲೆ ಅವಳು ನನ್ನ ಅಪರಾಧವನ್ನು ವ್ಯಾಕರಣಬದ್ಧವಾಗಿ ವಿವರಿಸಿದಳು. "ಉಪಮೆಯಲ್ಲಿ 'ಅಂತೆ' ಎಂಬ ವಾಚಕಪದ ಇರಬೇಕು. ಅದನ್ನು ನುಂಗಿ, ಉಪಮೇಯ ಉಪಮಾನ ಎರಡೂ ಒಂದೇ ಎಂದು ಹೇಳಿದರೆ ಅದು ರೂಪಕವಾಗುತ್ತದೆ. ನೀವು ರೂಪಕ ಹೇಳಿದಿರಿ, ಅವಳು ನಂಬಿದಳು." ಹತ್ತನೆಯ ತರಗತಿಯಲ್ಲಿ ಅಲಂಕಾರಗಳಿಗೆ ಮೀಸಲಾದ ಅಂಕಗಳನ್ನು ನಾನು ಬಿಟ್ಟುಕೊಟ್ಟದ್ದಕ್ಕೆ ಇಷ್ಟು ತಡವಾಗಿ ದಂಡ ತೆರಬೇಕಾಗುತ್ತದೆಂದು ಅಂದುಕೊಂಡಿರಲಿಲ್ಲ. ಅಂದಿನಿಂದ ಮನೆಯ ನಿಂಬೆಹಣ್ಣುಗಳೆಲ್ಲ ಬುಟ್ಟಿಯಲ್ಲಿಯೇ ಮುದಿಯಾಗಿ, ಒಣಗಿ, ಸ್ವಾಭಾವಿಕ ಮರಣವನ್ನು ಹೊಂದತೊಡಗಿದವು. ಚಿತ್ರಾನ್ನಕ್ಕೆ ಮಾವಿನಕಾಯಿ ಬಂತು. ಅದು ಮುಗಿಯುವ ಹೊತ್ತಿಗೆ ಹುಣಿಸೆಹಣ್ಣು ಬಂತು.

ಇದರಿಂದ ನಾನು ಪಾಠ ಕಲಿಯಬೇಕಾಗಿತ್ತು. ಆದರೆ ನಾಲ್ಕು ವರ್ಷದ ಮಗುವಿರುವ ಮನೆಯಲ್ಲಿ ಪ್ರಶ್ನೆಗಳು ಬರುವುದು ಚಪ್ಪಲಿ ಹಾಕಿಕೊಳ್ಳುವಾಗ, ಹಲ್ಲುಜ್ಜುವಾಗ, ಹಾಲು ಉಕ್ಕುವಾಗ. ಆ ಗಳಿಗೆಗಳಲ್ಲಿ ವಾಚಕಪದ ನೆನಪಾಗುವುದಿಲ್ಲ. 20ನೆಯ ವಾರಕ್ಕೆ ಆ್ಯಪ್ ಬಾಳೆಹಣ್ಣನ್ನು ತೋರಿಸಿತು. ಅದನ್ನು ಮಾಡಿದವರು ನಮ್ಮ ಮೈಸೂರಿನ ತಳ್ಳುಗಾಡಿಯ ಮುಂದೆ ಒಂದು ದಿನವೂ ನಿಂತವರಲ್ಲ. ಪಚ್ಚಬಾಳೆಯೋ, ಏಲಕ್ಕಿಬಾಳೆಯೋ, ನಂಜನಗೂಡಿನ ರಸಬಾಳೆಯೋ ಎಂದು ಮಗಳು ಕೇಳಿದಾಗ ಉತ್ತರ ಹೇಳಲು ನನ್ನಲ್ಲಿ ಆಧಾರವಿರಲಿಲ್ಲ. ಆ ವಾರಕ್ಕೆ ಮಗು ತಲೆಯಿಂದ ಹಿಮ್ಮಡಿಯವರೆಗೆ ಸುಮಾರು 25 ಸೆಂಟಿಮೀಟರ್ ಇರುತ್ತದೆಂದು ಓದಿದ್ದೆ. ಸ್ಕೇಲು ಹಿಡಿದು ಅಳೆದಾಗ ಏಲಕ್ಕಿಬಾಳೆ ಅದರ ಅರ್ಧಕ್ಕೂ ಬರಲಿಲ್ಲ; ಪಚ್ಚಬಾಳೆಯೂ ಗೆಲ್ಲದಿದ್ದರೂ ಮರ್ಯಾದೆ ಉಳಿಸಿಕೊಂಡಿತು. ಹೀಗಾಗಿ ಪಚ್ಚಬಾಳೆ ಪಾಪುವೆಂದೂ, ಏಲಕ್ಕಿಬಾಳೆ ಬರಿಯ ಬಾಳೆಹಣ್ಣೆಂದೂ ತೀರ್ಮಾನವಾಗಿ, ಎರಡನೆಯದನ್ನು ತಿನ್ನಲು ನಮಗೆ ಅನುಮತಿ ದೊರೆಯಿತು.

ಆ ದಿನಗಳಲ್ಲಿಯೇ ಸ್ಕ್ಯಾನಿಂಗಿಗೆ ಹೋದದ್ದು. ಹುಟ್ಟುವ ಮೊದಲು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು 1994ರ ಕಾಯ್ದೆ ನಿಷೇಧಿಸಿದೆ. ಮೊದಲ ಸಲ ಸಿಕ್ಕಿಬಿದ್ದರೇ ಮೂರು ವರ್ಷದವರೆಗೆ ಸೆರೆವಾಸ, 10,000 ರೂಪಾಯಿಯವರೆಗೆ ದಂಡ. ಈ ಎಚ್ಚರಿಕೆಯ ಫಲಕ ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿತ್ತು. ಆದರೆ ನಮ್ಮ ಬೀದಿಯ ಹಿರಿಯ ಹೆಂಗಸರಿಗೆ ಯಂತ್ರದ ಹಂಗೇ ಇಲ್ಲ. ಬಸುರಿಯ ಮನೆಯಲ್ಲಿರುವ ಚಿಕ್ಕ ಮಗುವಿನ ಬಾಯಿಂದ ಬಂದದ್ದು ಸುಳ್ಳಾಗದೆಂಬುದು ಅವರ ನಂಬಿಕೆಯಾದ್ದರಿಂದ, ಮಗಳು ಗೇಟಿನ ಬಳಿ ಕಂಡರೆ ಸಾಕು, ಯಾರಾದರೊಬ್ಬರು ಅವಳ ಗಲ್ಲ ಹಿಡಿದು, "ಅಮ್ಮನ ಹೊಟ್ಟೇಲಿ ಏನಿದೆ ಪುಟ್ಟಿ, ತಮ್ಮನಾ ತಂಗಿನಾ?" ಎಂದು ಕೇಳುತ್ತಿದ್ದರು. ಕಾಯ್ದೆಯನ್ನು ನಮ್ಮ ಮಗಳಷ್ಟು ನಿಷ್ಠೆಯಿಂದ ಪಾಲಿಸಿದವರು ಬೇರೆ ಇರಲಾರರು. ಮೂರನೆಯ ತಿಂಗಳಲ್ಲಿ "ನಿಂಬೆಹಣ್ಣು" ಎಂದವಳು ಐದನೆಯ ತಿಂಗಳಲ್ಲಿ "ಪಚ್ಚಬಾಳೆ" ಎಂದಳು. ಮಾಲೀಕರ ಪತ್ನಿ ಮಾತ್ರ ಸೋಲೊಪ್ಪದೆ, ನಿಂಬೆಹಣ್ಣು ದುಂಡಗಿರುವುದರಿಂದ ಹೆಣ್ಣೆಂದು ಒಮ್ಮೆಯೂ, ಬಾಳೆ ಉದ್ದವಿರುವುದರಿಂದ ಗಂಡೆಂದು ಇನ್ನೊಮ್ಮೆಯೂ ಭಾಷ್ಯ ಬರೆದು, ಕೊನೆಗೆ ಅವಳಿಜವಳಿಯಿರಬಹುದೆಂಬ ಸುದ್ದಿಯನ್ನು ಹಬ್ಬಿಸಿದರು.

ಆರನೆಯ ತಿಂಗಳ ಸಕ್ಕರೆ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಪ್ರಯೋಗಾಲಯದ ದಾರಿಯಲ್ಲಿ ನಾನು ಈಗಲೂ ತಲೆ ಎತ್ತಿ ನಡೆಯಲಾರೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿದು, ಎರಡು ಗಂಟೆ ಕಾದು ರಕ್ತ ಕೊಡಬೇಕು. ಹೆಂಡತಿ ಮುಖ ಹಿಂಡಿಕೊಂಡು ಎರಡು ಗುಟುಕು ಕುಡಿದು ಲೋಟವನ್ನು ಬೆಂಚಿನ ಮೇಲಿಟ್ಟಳು. ಇದು ಪಾಪುವಿಗಾಗಿ ಎಂದು ನಾನೇ ಮಗಳಿಗೆ ಹೇಳಿದ್ದೆ. ಅಕ್ಕನಾದವಳು ಎಲ್ಲದರಲ್ಲಿಯೂ ಪಾಲು ಕೊಡಬೇಕು, ಪಾಲು ಪಡೆಯಬೇಕು ಎಂದು ಹಿಂದಿನ ದಿನವಷ್ಟೇ ಬೋಧಿಸಿದ್ದವನೂ ನಾನೇ. ನಾನು ಕೌಂಟರಿನಲ್ಲಿ ಚಿಲ್ಲರೆ ಎಣಿಸಿ ತಿರುಗುವಷ್ಟರಲ್ಲಿ ಲೋಟ ಬರಿದಾಗಿತ್ತು. ಪರೀಕ್ಷೆಗೆ ನಾಳೆ ಬನ್ನಿ ಎಂದರು. ನಾವು ಅಲ್ಲಿಂದ ಹೊರಡುವವರೆಗೂ ಮಗಳು ಕಾಯುವ ಕೋಣೆಯ ಆರು ಕುರ್ಚಿಗಳ ಮೇಲೆ ಹತ್ತಿ ಇಳಿದು, ಇಳಿದು ಹತ್ತಿ, ಗ್ಲೂಕೋಸು ಶರೀರಕ್ಕೆ ಕೂಡಲೇ ಶಕ್ತಿ ಕೊಡುತ್ತದೆಂಬುದನ್ನು ಅಲ್ಲಿದ್ದ ರೋಗಿಗಳಿಗೆಲ್ಲ ಸಾಬೀತುಪಡಿಸಿದಳು.

ಎಂಟನೆಯ ತಿಂಗಳಿಗೆ ನಮ್ಮ ಅತ್ತೆ ಬಂದರು. ಮೊದಲ ಬಾಣಂತನ ತವರಾದ ತಿಪಟೂರಿನಲ್ಲಿಯೇ ಆಗಿತ್ತು. ಎರಡನೆಯದು ಗಂಡನ ಮನೆಯಲ್ಲಾಗಬೇಕೆಂಬ ಪದ್ಧತಿಯಂತೆ ಈ ಸಲ ತವರೇ ಎದ್ದು ಬಂತು. ತಿಪಟೂರಿನವರು ಬರಿಗೈಯಲ್ಲಿ ಬರುವವರಲ್ಲ. ಬಾಣಂತಿಯ ಅಂಟಿನುಂಡೆಗೆಂದು ಒಂದು ಡಬ್ಬದ ತುಂಬ ಕೊಬ್ಬರಿ, ಉಳಿದ ಅಡುಗೆಗೆಂದು ಒಂದು ಗೋಣಿಚೀಲದ ತುಂಬ ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿ ಅವರೊಂದಿಗೆ ಇಳಿದವು. ಬಂದ ದಿನವೇ ಅವರು ಮೊಮ್ಮಗಳನ್ನು ಚೀಲದ ಮುಂದೆ ಕೂರಿಸಿಕೊಂಡು ವಿದ್ಯಾಭ್ಯಾಸ ಆರಂಭಿಸಿದರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿನ ಸದ್ದು ಬಂದರೆ ಅದು ಅಡುಗೆಯ ಕಾಯಿ. ಕೊಬ್ಬರಿಯಾಗಬೇಕಾದದ್ದು ಸಿಪ್ಪೆಯೊಂದಿಗೇ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು, ಒಳಗಿನ ನೀರೆಲ್ಲ ಇಂಗಿ, ಗಿಟಕು ಚಿಪ್ಪಿನಿಂದ ಬಿಡಿಸಿಕೊಂಡು ಲೊಟಲೊಟ ಎನ್ನಬೇಕು. "ಪಾಪುಗೆ ಒಂಬತ್ತು ತಿಂಗಳು ಸಾಕು ಪುಟ್ಟಮ್ಮ, ಕೊಬ್ಬರಿಗೆ ಅದೂ ಸಾಲದು" ಎಂದರು ಅತ್ತೆ. ವಾಚಕಪದವಿಲ್ಲದೆ ಮಾತಾಡುವ ರೋಗ ನನಗೆ ಎಲ್ಲಿಂದ ಅಂಟಿತೆಂದು ಹೆಂಡತಿ ಕೇಳುತ್ತಿರುತ್ತಾಳೆ. ಅವಳ ತವರಿನ ಕಡೆಯೂ ಒಮ್ಮೆ ವಿಚಾರಿಸಬಹುದಾಗಿತ್ತು.

ಮಗಳು ಒಂದು ಕಾಯಿಯನ್ನು ಆರಿಸಿ, ತಿರುಗಿಸಿ ನೋಡಿದಳು. ಅದಕ್ಕೆ ಜುಟ್ಟಿತ್ತು, ಕಣ್ಣುಗಳಿದ್ದವು, ಅಲ್ಲಾಡಿಸಿದರೆ ಒಳಗೆ ಏನೋ ಹೊರಳುತ್ತಿತ್ತು. ಕಣ್ಣು ಮೂರಿದ್ದದ್ದು ಅವಳಿಗೆ ದೋಷವಾಗಿ ಕಾಣಲಿಲ್ಲ. "ಅಪ್ಪ, ಪಾಪು ಈಗ ಇಷ್ಟಿದೆಯಾ?" ಎಂದಳು. ನಾನು ಆಫೀಸಿಗೆ ಹೊರಟಿದ್ದೆ. ಒಂದು ಕಾಲು ಬೂಟಿನೊಳಗಿತ್ತು. "ಹೂಂ" ಎಂದೆ.

ಆ ವಾರ ಸಂಕಷ್ಟಿ. ಅತ್ತೆ ಸಂಜೆ ಅವಳನ್ನೂ ನನ್ನನ್ನೂ ಬಡಾವಣೆಯ ಗಣಪತಿ ದೇವಸ್ಥಾನಕ್ಕೆ ಕರೆದೊಯ್ದರು. ಹೆಂಡತಿ ಬಸುರಿಯಾಗಿರುವಾಗ ಗಂಡನಾದವನು ತೆಂಗಿನಕಾಯಿ ಒಡೆಯಬಾರದೆಂದು ಅತ್ತೆ ದಾರಿಯಲ್ಲಿ ನನಗೆ ಶಾಸ್ತ್ರ ಹೇಳುತ್ತ ಬಂದರು. ಕಾಯಿ ಮಗಳ ಕೈಯಲ್ಲಿತ್ತು. ಸಂಕಷ್ಟಿಯ ಸಂಜೆ ಗಣಪತಿಯ ಗುಡಿಯ ಮುಂದೆ ನಡೆಯುವುದೇನೆಂಬುದು ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಅದು ಕಣ್ಣಿಗೆ ಬೀಳುವುದೇ ಇಲ್ಲ. ಮೂವತ್ತು ನಲವತ್ತು ಜನ ಭಕ್ತರು ಸಾಲಾಗಿ ನಿಂತು, ಒಬ್ಬರಾದ ಮೇಲೆ ಒಬ್ಬರು ಈಡುಗಾಯಿಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸುತ್ತಿದ್ದರು. ಚೂರುಗಳನ್ನು ಆಯ್ದುಕೊಳ್ಳಲು ಹುಡುಗರು ಕಿತ್ತಾಡುತ್ತಿದ್ದರು. ನಮ್ಮ ಮಗಳು ಅದನ್ನು ಒಂದು ಕ್ಷಣ ನೋಡಿದಳು. ಆಮೇಲೆ ಕಾಯಿಯನ್ನು ಲಂಗದೊಳಗೆ ಸುತ್ತಿ ಹೊಟ್ಟೆಗೆ ಅವುಚಿಕೊಂಡು, "ಪಾಪೂನ ಒಡೀತಿದಾರೆ!" ಎಂದು ಕೂಗುತ್ತ ಪ್ರದಕ್ಷಿಣೆಯ ದಾರಿ ಹಿಡಿದು ಓಡಿದಳು. ನಾನು ಅವಳ ಹಿಂದೆ ಓಡಿದೆ, ಅತ್ತೆ ನನ್ನ ಹಿಂದೆ ಓಡಿದರು. ಹಾಗೆ ನಮ್ಮದು ಮೂರು ಪ್ರದಕ್ಷಿಣೆಗಳಾದವು. ಕೊನೆಗೆ ಅರ್ಚಕರು ಅವಳನ್ನು ತಡೆದು, ವಿಷಯ ತಿಳಿದು, ಸ್ವಲ್ಪವೂ ನಗದೆ, "ಒಡೆಯುವುದು ಬೇಡಮ್ಮ, ಪೂರ್ಣಫಲವಾಗಿ ಅರ್ಪಿಸೋಣ" ಎಂದು ಕಾಯಿಯನ್ನು ಗಣಪತಿಯ ಪಾದದ ಬಳಿಯಿಟ್ಟು, ಅರಿಸಿನ ಕುಂಕುಮ ಹಚ್ಚಿ, ಅವಳ ಕೈಗೇ ಮರಳಿಸಿದರು. ಅವರು ಸದಾಶಯದಿಂದಲೇ ಮಾಡಿದರು. ಆದರೆ ಅಲ್ಲಿಯವರೆಗೆ ಬರಿಯ ರೂಪಕವಾಗಿದ್ದದ್ದು ಅಂದಿನಿಂದ ಪ್ರಸಾದವೂ ಆಯಿತು.

ಮನೆಯಲ್ಲಿ ಕಾಯಿ ಒಡೆಯುವುದು ನಿಂತಿತು. ಕಾಯಿತುರಿ ಇಲ್ಲದೆ ಹುಳಿ ಮಾಡುವುದಕ್ಕಿಂತ ಉಪವಾಸ ಲೇಸೆಂದು ತಿಳಿದ ತಿಪಟೂರಿನ ಅತ್ತೆ ಎರಡೇ ದಿನಕ್ಕೆ ಸೊರಗಿ, ಮೂರನೆಯ ದಿನ ನನ್ನನ್ನು ಕರೆದು ಶಾಸ್ತ್ರಕ್ಕೆ ತಿದ್ದುಪಡಿ ತಂದರು: "ಅಳಿಯಂದಿರೇ, ನೀವು ದೇವರಿಗೆ ಒಡೆಯಬಾರದು ಅಷ್ಟೇ. ಚಟ್ನಿಗೆ ಒಡೆದರೆ ದೋಷವಿಲ್ಲ." ಅಂದಿನಿಂದ ರಾತ್ರಿ ಹತ್ತರ ಮೇಲೆ, ಮಗಳು ಮಲಗಿದ್ದಾಳೆಂದು ಖಾತ್ರಿಪಡಿಸಿಕೊಂಡು, ನಾನು ಕತ್ತಿಯನ್ನೂ ಟವೆಲಿನಲ್ಲಿ ಸುತ್ತಿದ ಕಾಯಿಯನ್ನೂ ಹಿಡಿದು ತಾರಸಿಗೆ ಹೋಗತೊಡಗಿದೆ. ಎರಡನೆಯ ರಾತ್ರಿಯೇ ಮಾಲೀಕರು ಟಾರ್ಚು ಬಿಟ್ಟರು. ಕತ್ತಲೆಯಲ್ಲಿ ಕತ್ತಿ ಹಿಡಿದು ಕೂತ ಬಾಡಿಗೆದಾರನನ್ನು ಕಂಡ ಅವರು ಏನನ್ನೂ ಕೇಳದೆ ಟಾರ್ಚು ಆರಿಸಿ ಇಳಿದುಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ. ಕೇಳಿದ್ದರೆ ಹೇಳುತ್ತಿದ್ದೆ.

ಇತ್ತ ಆಸ್ಪತ್ರೆಯ ಚೀಲ ಸಿದ್ಧವಾಯಿತು. ಹುಟ್ಟುವ ಮುಂಚೆ ಮಗುವಿಗೆ ಹೊಸದೇನನ್ನೂ ಕೊಳ್ಳಬಾರದೆಂಬ ಅತ್ತೆಯ ನಿಯಮದಂತೆ ಮಾವನವರ ಹಳೆಯ ಮಲ್ಲು ಪಂಚೆಗಳು ಹರಿದು ಮೆತ್ತನೆಯ ತುಂಡುಗಳಾದವು. ಅದೇ ಬಟ್ಟೆಯಲ್ಲಿ ಎರಡು ಕುಲಾವಿಗಳೂ ಹೊಲಿದು ಮುಗಿದವು. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿಗಳಿದ್ದ ಕಡತ, ಫ್ಲಾಸ್ಕು, ಎಲ್ಲವನ್ನೂ ಹೆಂಡತಿ ತಾನೇ ಜೋಡಿಸಿ, ಚೀಲವನ್ನು ಮಂಚದ ಕೆಳಗಿಟ್ಟಳು. ಶಾಲೆಯಿಂದ ಅವಳಿಗೆ 26 ವಾರಗಳ ಹೆರಿಗೆ ರಜೆ ಮಂಜೂರಾಗಿತ್ತು. ನನಗೆ ಸಿಕ್ಕಿದ್ದು 15 ದಿನ. ಅದನ್ನು ಮಂಜೂರು ಮಾಡುವಾಗ ಮೇಲಧಿಕಾರಿಗಳು, ಅಷ್ಟು ದಿನ ಮನೆಯಲ್ಲಿದ್ದು ನೀವು ಮಾಡುವುದೇನೆಂದು ನಿಜವಾದ ಕುತೂಹಲದಿಂದ ಕೇಳಿದ್ದರು. ತಾರಸಿಯ ವಿಷಯವನ್ನು ನಾನು ಹೇಳಲಿಲ್ಲ.

ನೋವು ಆರಂಭವಾದದ್ದು ರಾತ್ರಿ ಎರಡೂವರೆಗೆ. ಅತ್ತೆ ಮಗಳೊಂದಿಗೆ ಮನೆಯಲ್ಲಿ ಉಳಿದರು. ಚೀಲವನ್ನು ಎತ್ತಿದಾಗ ವಿಪರೀತ ಭಾರವೆನಿಸಿತು. ಹೆಂಗಸರು ಜೋಡಿಸಿದ ಚೀಲಗಳು ಹಾಗೆಯೇ ಇರುತ್ತವೆಂದು ಭಾವಿಸಿ ಭುಜಕ್ಕೇರಿಸಿಕೊಂಡೆ. ಆಟೋ ತಿರುವಿನಲ್ಲೆಲ್ಲ ಅದು ನನ್ನ ಮೊಣಕಾಲಿಗೆ ಗುದ್ದುತ್ತಿತ್ತು. ಆಸ್ಪತ್ರೆಯಲ್ಲಿ ದಾದಿಯೊಬ್ಬರು ಹಳೆಯ ವರದಿಗಳನ್ನು ಕೇಳಿ, ನಾನು ತಡವರಿಸುವುದನ್ನು ಕಂಡು ತಾವೇ ಜಿಪ್ಪು ಎಳೆದರು. ಮೇಲಿನ ಪಂಚೆಯ ತುಂಡನ್ನು ಸರಿಸಿದೊಡನೆ, ಕುಲಾವಿ ತೊಟ್ಟು, ಹಣೆಗೆ ಕುಂಕುಮವಿಟ್ಟುಕೊಂಡು, ಮೂರು ಕಣ್ಣುಗಳಿಂದ ಅವರನ್ನೇ ನೋಡುತ್ತ ತೆಂಗಿನಕಾಯಿ ಮಲಗಿತ್ತು. ದಾದಿ ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬಟ್ಟೆಯನ್ನು ನಿಧಾನವಾಗಿ ಹೊದಿಸಿದರು. ಹೆಂಡತಿ ಆ ನೋವಿನಲ್ಲಿಯೂ ನಕ್ಕು, ನಗುವುದರಿಂದ ನೋವು ಹೆಚ್ಚಾಗಿ, ಅದಕ್ಕೂ ನನ್ನನ್ನೇ ಬೈದಳು. ಕಡತ ಚೀಲದಲ್ಲಿರಲಿಲ್ಲ. ಪಾಪುವಿಗೆ ಜಾಗ ಸಾಲದೆ ಮಗಳು ಅದನ್ನು ಹೊರಗೆ ತೆಗೆದಿದ್ದಳು. ಮೂರೂವರೆಗೆ ನಾನು ಮತ್ತೆ ಮನೆಗೆ ಬಂದು, ಅತ್ತೆಯೊಂದಿಗೆ ಬೀರು, ಮಂಚದಡಿ, ದೇವರ ಗೂಡು ಎಲ್ಲ ತಡಕಿದ ಮೇಲೆ ಅದು ತೆಂಗಿನಕಾಯಿಯ ಗೋಣಿಚೀಲದ ತಳದಲ್ಲಿ ಸಿಕ್ಕಿತು. ಮಾಲೀಕರ ಮನೆಯ ದೀಪ ಹತ್ತಿತಾದರೂ ಈ ಸಲ ಟಾರ್ಚು ಹೊರಗೆ ಬರಲಿಲ್ಲ.

ಬೆಳಗಿನ ಆರೂಮುಕ್ಕಾಲಿಗೆ ಹೆಣ್ಣು ಮಗು ಹುಟ್ಟಿತು.

ಮಧ್ಯಾಹ್ನ ಅತ್ತೆ ಮಗಳನ್ನು ಕರೆತಂದರು. ಅವಳು ಮೊದಲು ತನ್ನ ಕಾಯಿ ಕಿಟಕಿಯ ಕಟ್ಟೆಯ ಮೇಲೆ ಕ್ಷೇಮವಾಗಿರುವುದನ್ನು ನೋಡಿಕೊಂಡು, ಅನಂತರ ತೊಟ್ಟಿಲ ಬಳಿಗೆ ಬಂದಳು. ಕುಲಾವಿಯನ್ನು ಎತ್ತಿ ನೋಡಿದಳು, ಕೂದಲಿತ್ತು. ಬಗ್ಗಿ ಕಣ್ಣುಗಳನ್ನು ಎಣಿಸಿದಳು; ಎರಡೇ ಇದ್ದವು, ಅವೂ ಮುಚ್ಚಿದ್ದವು. ಆಮೇಲೆ ಅವಳ ಎರಡೂ ಕೈಗಳು ಮಗುವಿನ ಕಡೆಗೆ ಚಾಚಿದ ರೀತಿಯನ್ನು ಕಂಡ ಅತ್ತೆಗೆ ತಾವು ಕಲಿಸಿದ ವಿದ್ಯೆ ನೆನಪಾಗಿ, "ಅಯ್ಯೋ, ಅಲ್ಲಾಡಿಸಬೇಡ್ವೇ!" ಎಂದು ಕೂಗಿದರು. ಮಗಳು ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ಹಾಗಾದರೆ ಇಷ್ಟಾದರೂ ಆಗಲಿ ಎಂಬಂತೆ, ತಂಗಿಯ ಹೊಟ್ಟೆಗೆ ಕಿವಿಯಿಟ್ಟು ಉಸಿರು ಹಿಡಿದು ಆಲಿಸಿದಳು. ನಾವೆಲ್ಲರೂ ಸುಮ್ಮನೆ ನಿಂತಿದ್ದೆವು. ಕೆನ್ನೆಗೆ ಬಿಸಿ ತಾಕಿ ಅವಳು ತಲೆಯೆತ್ತಿದಾಗ ಮಾವನವರ ಪಂಚೆಯ ತುಂಡು ಪೂರ್ತಿ ತೊಯ್ದಿತ್ತು.

"ಅಜ್ಜೀ, ನೀರಿದೆ!" ಎಂದಳು.