ಅಕ್ಟೋಬರ್ 23ರ ಹಿಂದಿನ ರಾತ್ರಿ: ಅಶರ್ ಬರೆದ ವರ್ಷಚರಿತೆಯನ್ನು ಇಂದೂ ಓದಬೇಕೇ?

ಐರ್ಲೆಂಡಿನ ಆರ್ಮಾ ಪೀಠದ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಲ್ಯಾಟಿನ್‌ನಲ್ಲಿ ಬರೆದ ವರ್ಷಚರಿತೆ 1650 ಮತ್ತು 1654ರಲ್ಲಿ ಎರಡು ಭಾಗಗಳಾಗಿ ಹೊರಬಂತು. 1658ರಲ್ಲಿ ಇಂಗ್ಲಿಷಿನಲ್ಲೂ ಅಚ್ಚಾಯಿತು. ಸೃಷ್ಟಿಯಿಂದ ಹಿಡಿದು ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟ ಕಾಲದವರೆಗಿನ ಸಂಗತಿಗಳನ್ನು ಅದು ವರ್ಷ ವರ್ಷಕ್ಕೆ ಹೇಳುತ್ತದೆ. ಪ್ರಾಚೀನ ಚರಿತ್ರೆಯಲ್ಲಿ ಆಸಕ್ತಿಯಿರುವ ಇಂದಿನ ಓದುಗ ಇದಕ್ಕೆ ಸಮಯ ಕೊಡಬೇಕೇ?

ಪರ

ಅಶರ್ ಎಂದೊಡನೆ ಜನರಿಗೆ ನೆನಪಾಗುವುದು ಒಂದೇ ಸಂಗತಿ: ಕ್ರಿ.ಪೂ. 4004ರ ಅಕ್ಟೋಬರ್ 23ರ ಹಿಂದಿನ ರಾತ್ರಿ ಜಗತ್ತು ಶುರುವಾಯಿತು ಎಂದವನು ಅವನು. 1925ರಲ್ಲಿ ಅಮೆರಿಕದ ಡೇಟನ್ ಊರಿನಲ್ಲಿ ವಿಕಾಸವಾದದ ಪಾಠದ ಬಗ್ಗೆ ನಡೆದ ಮೊಕದ್ದಮೆಯಲ್ಲಿ ವಕೀಲ ಕ್ಲಾರೆನ್ಸ್ ಡಾರೋ ಇದೇ ಇಸವಿಯನ್ನು ಮುಂದಿಟ್ಟು, ಬೈಬಲ್ ಪಕ್ಷದಲ್ಲಿ ನಿಂತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್‌ರನ್ನು ಪಾಟೀಸವಾಲಿನಲ್ಲಿ ಇಕ್ಕಟ್ಟಿಗೆ ಸಿಕ್ಕಿಸಿದರು. ಅದರ ನಂತರ ಅಶರ್‌ನ ಹೆಸರು ಮೌಢ್ಯಕ್ಕೆ ಇನ್ನೊಂದು ಹೆಸರಾಯಿತು. ಆ ಒಂದು ಸಾಲಿನ ಹಿಂದಿರುವ ಸಾವಿರಾರು ಪರಿಚ್ಛೇದಗಳನ್ನು ತೆರೆದು ನೋಡಿದವರು ಬಹಳ ಕಡಿಮೆ. ನನಗೆ ಇದು ಅನ್ಯಾಯವೆಂದು ತೋರುತ್ತದೆ. ಜೀವವಿಕಾಸದ ಪರ ಜೀವನವಿಡೀ ವಾದಿಸಿದ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರೇ ಅಶರ್‌ನ ಪಾಂಡಿತ್ಯವನ್ನು ಸಮರ್ಥಿಸಿ ಪ್ರಬಂಧ ಬರೆದಿದ್ದಾರೆ ಎಂಬುದು ನನಗೆ ಧೈರ್ಯ ಕೊಡುತ್ತದೆ.

ಒಂದು ನೋಟ್‌ಬುಕ್ಕು ಮತ್ತು ಸತ್ಯವೇದವನ್ನು, ಅಂದರೆ ಬೈಬಲನ್ನು, ಎದುರಿಗಿಟ್ಟುಕೊಂಡು ನಾನು ಅಶರ್‌ನ ಲೆಕ್ಕವನ್ನು ಮಾಡಿ ನೋಡಿದ್ದೇನೆ. ಆದಾಮನಿಗೆ 130 ವರ್ಷವಾದಾಗ ಸೇತ ಹುಟ್ಟಿದ, ಸೇತನಿಗೆ 105 ಆದಾಗ ಎನೋಷ ಹುಟ್ಟಿದ ಎಂದು ಆದಿಕಾಂಡದ ಐದನೆಯ ಅಧ್ಯಾಯ ಸಾಗುತ್ತದೆ. ಕೂಡುತ್ತ ಹೋದರೆ ಜಲಪ್ರಳಯಕ್ಕೆ 1656 ವರ್ಷ. ಅಲ್ಲಿಂದ ಅಬ್ರಹಾಮನ ತಂದೆ ತೆರಹ ಹುಟ್ಟುವವರೆಗೆ 222 ವರ್ಷ. ಇಲ್ಲಿಯವರೆಗೆ ಬರಿಯ ಕೂಡುವ ಲೆಕ್ಕ. ತೊಡಕು ಶುರುವಾಗುವುದು ಆಮೇಲೆ. ತೆರಹನಿಗೆ 70 ವರ್ಷವಾದ ಮೇಲೆ ಅಬ್ರಾಮ (ಮುಂದೆ ಅಬ್ರಹಾಮ), ನಾಹೋರ, ಹಾರಾನರು ಹುಟ್ಟಿದರು ಎಂದು ಒಂದು ವಚನ ಹೇಳುತ್ತದೆ. ಆದರೆ ತೆರಹ ತೀರಿಕೊಂಡದ್ದು 205ನೆಯ ವಯಸ್ಸಿನಲ್ಲಿ. ಅವನು ತೀರಿಕೊಂಡ ಮೇಲೆ ಅಬ್ರಹಾಮ ತಂದೆಯ ಜೊತೆ ನೆಲೆಸಿದ್ದ ಊರು ಬಿಟ್ಟು ಹೊರಟನೆಂದು ಬೈಬಲ್‌ನ ಇನ್ನೊಂದು ಗ್ರಂಥವಾದ ಅಪೊಸ್ತಲರ ಕೃತ್ಯಗಳಲ್ಲಿದೆ. ಹೊರಟಾಗ ಅಬ್ರಹಾಮನಿಗೆ 75. ಹಾಗಾದರೆ ಅವನು ಹುಟ್ಟಿದಾಗ ತಂದೆಗೆ 130 ಆಗಿರಬೇಕು, 70 ಅಲ್ಲ. ಮೂವರಲ್ಲಿ ಅವನ ಹೆಸರು ಮೊದಲು ಬಂದಿರುವುದು ಹಿರಿಮೆಯಿಂದ, ಹಿರಿತನದಿಂದಲ್ಲ ಎಂಬ ನಿರ್ಧಾರಕ್ಕೆ ಬಂದು ಅಶರ್ 130ನ್ನು ಹಿಡಿದ. ಇಡೀ ಜಗತ್ತಿನ ವಯಸ್ಸಿನಲ್ಲಿ 60 ವರ್ಷ ಹೀಗೆ ಒಂದೇ ವಚನದ ಓದಿನ ಮೇಲೆ ನಿಂತಿದೆ. ಈ ಒಂದು ಗಂಟನ್ನು ಬಿಡಿಸಲು ನನಗೆ ಎರಡು ಸಂಜೆ ಹಿಡಿಯಿತು. ಇಂಥ ಗಂಟುಗಳು ಈ ಪುಸ್ತಕದಲ್ಲಿ ನೂರಾರಿವೆ.

ಅಶರ್‌ನ ನಿಜವಾದ ಬುದ್ಧಿಬಲ ಕಾಣುವುದು ಇನ್ನೂ ಮುಂದೆ, ಅರಸರ ಕಾಲದಲ್ಲಿ. ಬೈಬಲ್‌ನಲ್ಲಿ ಶಕವಿಲ್ಲ. ಇಂಥ ಅರಸನ ಇಷ್ಟನೆಯ ವರ್ಷದಲ್ಲಿ ಇನ್ನೊಬ್ಬ ಪಟ್ಟಕ್ಕೆ ಬಂದ ಎಂದಷ್ಟೇ ಅದು ಹೇಳುತ್ತದೆ. ಇಡೀ ಸರಪಳಿ ಸರಿಯಿದ್ದರೂ ಅದನ್ನು ನೇತುಹಾಕಲು ಗೋಡೆಯಲ್ಲಿ ಒಂದು ಗೂಟ ಬೇಕು. ಆ ಗೂಟ ಅರಸುಗಳ ಎರಡನೆಯ ಗ್ರಂಥದ ಕೊನೆಯ ಸಾಲುಗಳಲ್ಲಿದೆ. ಬಾಬೆಲಿಗೆ (ಬ್ಯಾಬಿಲೋನ್) ಸೆರೆಹೋದ ಯೆಹೂದದ ಅರಸ ಯೆಹೋಯಾಖೀನನನ್ನು, ಅವನ ಸೆರೆಯ 37ನೆಯ ವರ್ಷದಲ್ಲಿ, ಬಾಬೆಲಿನ ಅರಸ ಎವೀಲ್ಮೆರೋದಕ ತಾನು ಪಟ್ಟವೇರಿದ ವರ್ಷವೇ ಬಿಡುಗಡೆ ಮಾಡಿ ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿಕೊಂಡ. ಇತ್ತ ಅಲೆಕ್ಸಾಂಡ್ರಿಯದ ಖಗೋಳಜ್ಞ ಟಾಲೆಮಿಯ ಹೆಸರಿನ ಅರಸರ ಪಟ್ಟಿ ಕ್ರಿ.ಪೂ. 747ರಲ್ಲಿ ನಬೊನಸ್ಸರನಿಂದ ಆರಂಭವಾಗುತ್ತದೆ. ಅದನ್ನು ಗ್ರಹಣಗಳ ಲೆಕ್ಕದಿಂದ ಪರೀಕ್ಷಿಸಬಹುದು. ಅದರ ಪ್ರಕಾರ ಯೆಹೋಯಾಖೀನನನ್ನು ಸೆರೆಹಿಡಿದಿದ್ದ ನೆಬೂಕದ್ನೆಚ್ಚರನ ಆಳ್ವಿಕೆ ಮುಗಿದು ಎವೀಲ್ಮೆರೋದಕ ಬಂದದ್ದು ಕ್ರಿ.ಪೂ. 562ರಲ್ಲಿ. ಸೆರೆಯಿಂದ ಬಿಟ್ಟ ಒಬ್ಬ ಮುದಿ ಅರಸನ ಕಥೆಯಲ್ಲಿ ಬೈಬಲ್‌ನ ಕಾಲವೂ ಬಾಬೆಲಿನ ಕಾಲವೂ ಒಂದನ್ನೊಂದು ಮುಟ್ಟುತ್ತವೆ. ಅಲ್ಲಿಂದ ಹಿಂದಕ್ಕೆ ನಡೆದ ಅಶರ್ ಯೆರೂಸಲೇಮಿನ ಪತನವನ್ನು 588ಕ್ಕೆ ಇಟ್ಟ. ಇಂದಿನ ವಿದ್ವಾಂಸರು 587 ಅಥವಾ 586 ಎನ್ನುತ್ತಾರೆ. ಬೆಣೆಲಿಪಿಯನ್ನು ಓದಬಲ್ಲವರು ಒಬ್ಬರೂ ಇಲ್ಲದ ಕಾಲದಲ್ಲಿ, ಒಂದು ಶಾಸನಫಲಕವೂ ಕೈಯಲ್ಲಿಲ್ಲದೆ, ಅವನು ತಪ್ಪಿದ್ದು ಒಂದೆರಡು ವರ್ಷದಷ್ಟು ಮಾತ್ರ.

ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಕವಿ ರವಿಕೀರ್ತಿ ಏನು ಮಾಡಿದ್ದಾನೆಂದು ನಮ್ಮ ಓದುಗರಿಗೆ ಗೊತ್ತಿದೆ. ಭಾರತ ಯುದ್ಧದಿಂದ 3735 ವರ್ಷ ಎಂದೂ ಶಕವರ್ಷ 556 ಎಂದೂ, ಒಂದೇ ವರ್ಷಕ್ಕೆ ಎರಡು ಕಾಲಮಾನಗಳ ಮೊಳೆ ಹೊಡೆದಿದ್ದಾನೆ. ಅಶರ್ ತನ್ನ ಪುಟಗಳಲ್ಲಿ ಸೃಷ್ಟಿವರ್ಷ, ಜೂಲಿಯನ್ ಅವಧಿಯ ವರ್ಷ, ಕ್ರಿಸ್ತಪೂರ್ವ ವರ್ಷ ಎಂದು ಮೂರು ಹೊಡೆಯುತ್ತಾನೆ. ಆ ಜೂಲಿಯನ್ ಅವಧಿ 1583ರಲ್ಲಿ ಸ್ಕ್ಯಾಲಿಜರ್ ಎಂಬ ವಿದ್ವಾಂಸ ಕಟ್ಟಿದ್ದು. 28, 19, 15 ವರ್ಷಗಳ ಮೂರು ಚಕ್ರಗಳನ್ನು ಗುಣಿಸಿ 7980 ವರ್ಷಗಳ ಒಂದು ದೊಡ್ಡ ಚಕ್ರ. ಖಗೋಳಜ್ಞರು ಇಂದಿಗೂ ಅದರ ಆರಂಭದಿಂದಲೇ ದಿನಗಳನ್ನು ಎಣಿಸುತ್ತಾರೆ.

ಸೃಷ್ಟಿಯ ಕಥೆ ಈ ಗ್ರಂಥದಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುತ್ತದೆ. ಉಳಿದ ಬಹುಭಾಗ ಪರ್ಷಿಯದ ಅರಸರು, ಅಲೆಕ್ಸಾಂಡರನ ದಂಡಯಾತ್ರೆ, ಅವನ ಸೇನಾಪತಿಗಳ ಕಿತ್ತಾಟ, ಯೆಹೂದಿ ಮಕ್ಕಬಿಯರ ಬಂಡಾಯ, ರೋಮ್. ಹೆರೊಡೋಟಸ್, ಪಾಲಿಬಿಯಸ್, ಡಯೋಡೋರಸ್, ಜೋಸೆಫಸ್ ಎಂದು ಹತ್ತಾರು ಗ್ರಂಥಗಳಲ್ಲಿ ಚದುರಿದ ಸುದ್ದಿಗಳನ್ನು ಒಂದೇ ವರ್ಷದ ಕೆಳಗೆ ಸಾಲಾಗಿ ಓದುವಾಗ ನೈಲ್ ತೀರದಲ್ಲೂ ಸಿರಿಯದಲ್ಲೂ ರೋಮ್‌ನಲ್ಲೂ ಏಕಕಾಲದಲ್ಲಿ ಏನಾಗುತ್ತಿತ್ತು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಬರೆದ ಪರಿಸ್ಥಿತಿಯನ್ನೂ ನೆನೆಯಬೇಕು. ಮೂಲ ಪಾಠಗಳಿಗಾಗಿ ಅವನು ಅಲೆಪ್ಪೊದಲ್ಲಿದ್ದ ವರ್ತಕನೊಬ್ಬನ ಮೂಲಕ ಸಮಾರ್ಯದವರ (ಬೈಬಲ್‌ನ ಮೊದಲ ಐದು ಗ್ರಂಥಗಳ ತಮ್ಮದೇ ಪಾಠವುಳ್ಳ ಪಂಗಡ) ಹಸ್ತಪ್ರತಿಗಳನ್ನು ತರಿಸಿಕೊಂಡ. ಇಂಗ್ಲೆಂಡಿನ ಅಂತರ್ಯುದ್ಧದ ನಡುವೆ 1645ರಲ್ಲಿ ವೇಲ್ಸ್‌ನ ದಾರಿಯಲ್ಲಿ ದಂಗೆಕೋರರು ಅವನ ಪೆಟ್ಟಿಗೆಗಳನ್ನು ಒಡೆದು ಪುಸ್ತಕಗಳನ್ನೂ ಕಾಗದಗಳನ್ನೂ ಹೊತ್ತೊಯ್ದರು. ಹೆಚ್ಚಿನವು ಹೇಗೋ ಮರಳಿ ಬಂದವು. 1649ರಲ್ಲಿ ದೊರೆ ಚಾರ್ಲ್ಸ್‌ನ ಶಿರಚ್ಛೇದಕ್ಕೆ ಸಿದ್ಧತೆ ನಡೆಯುವುದನ್ನು ಮಾಳಿಗೆಯೊಂದರಿಂದ ನೋಡುತ್ತ ಮೂರ್ಛೆ ಹೋದ. ಮರುವರ್ಷ ಮೊದಲ ಭಾಗ ಅಚ್ಚಾಯಿತು, ಅವನಿಗೆ ಆಗ ಎಪ್ಪತ್ತರ ಹತ್ತಿರ. ಯೇಸು ಹುಟ್ಟಿದ್ದನ್ನು ತನ್ನ ಸಭೆಯವರೇ ಬಳಸುವ ಶಕಕ್ಕಿಂತ ನಾಲ್ಕು ವರ್ಷ ಹಿಂದಕ್ಕೆ ತಳ್ಳಲೂ ಅವನು ಹಿಂಜರಿಯಲಿಲ್ಲ. ಏಕೆಂದರೆ ಯೆಹೂದದ ಅರಸ ಹೆರೋದ ಕ್ರಿ.ಪೂ. 4ರಲ್ಲೇ ಸತ್ತಿದ್ದ, ಬೈಬಲ್ ಪ್ರಕಾರ ಅವನು ಬದುಕಿದ್ದಾಗಲೇ ಮಗು ಹುಟ್ಟಿರಬೇಕು. ಇಂಥ ಮನಸ್ಸಿನ ಜೊತೆ ಒಂದು ಮಳೆಗಾಲ ಕಳೆದ ನನಗೆ ಬೇರೆ ಪುಸ್ತಕಗಳಲ್ಲಿ ಇಸವಿ ಕಂಡರೆ ಮೊದಲು ಬರುವ ಪ್ರಶ್ನೆ, ಇದರ ಗೂಟ ಎಲ್ಲಿದೆ ಎಂಬುದು.

ವಿರೋಧ

ಅಶರ್ ಪ್ರಾಮಾಣಿಕ, ಶ್ರಮಜೀವಿ, ಅಪಾರ ಓದಿದವನು ಎಂಬುದರಲ್ಲಿ ನನಗೆ ತಕರಾರಿಲ್ಲ. ನಾನು ಚರಿತ್ರೆ ಕಲಿಸುವವಳು. ಇಪ್ಪತ್ತು ವರ್ಷದ ಹುಡುಗ ಅಥವಾ ಹುಡುಗಿ ಪ್ರಾಚೀನ ಜಗತ್ತನ್ನು ತಿಳಿಯಬೇಕೆಂದು ಬಂದಾಗ ಅವರ ಕೈಗೆ ಏನು ಕೊಡಬೇಕು ಎಂಬುದು ನನ್ನ ಪ್ರಶ್ನೆ. ಈ ಪುಸ್ತಕವನ್ನು ಕೊಡಲಾರೆ.

ಈಜಿಪ್ಟನ್ನೇ ನೋಡಿ. ಅಲ್ಲಿನ ರಾಜ್ಯ ಕ್ರಿ.ಪೂ. 2188ರಲ್ಲಿ ಶುರುವಾಯಿತು ಎನ್ನುತ್ತಾನೆ ಅಶರ್. ಆಧಾರ? ಈಜಿಪ್ಟಿನ ರಾಜ್ಯ 1663 ವರ್ಷ ಉಳಿಯಿತು ಎಂದು ಕಾನ್‌ಸ್ಟಾಂಟೈನ್ ಮನಾಸೆಸ್ ಬರೆದಿದ್ದಾನೆ, ಪರ್ಷಿಯದ ಕ್ಯಾಂಬಿಸಿಸ್ ಅದನ್ನು ಗೆದ್ದದ್ದು 525ರಲ್ಲಿ, ಎರಡನ್ನೂ ಕೂಡಿದರೆ 2188. ಲೆಕ್ಕ ಅಚ್ಚುಕಟ್ಟು. ಆದರೆ ಈ ಮನಾಸೆಸ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕ್ರಿ.ಶ. ಹನ್ನೆರಡನೆಯ ಶತಮಾನದಲ್ಲಿ ಪದ್ಯರೂಪದಲ್ಲಿ ಚರಿತ್ರೆ ಹೊಸೆದವನು. ತಾನು ಹೇಳುವ ಘಟನೆಗೂ ಅವನಿಗೂ ಮೂರು ಸಾವಿರ ವರ್ಷಕ್ಕೂ ಹೆಚ್ಚಿನ ಅಂತರ. ಗೀಜಾದ ದೊಡ್ಡ ಪಿರಮಿಡ್ ಕಟ್ಟಿದ್ದು ಸುಮಾರು ಕ್ರಿ.ಪೂ. 2560ರಲ್ಲಿ. ಅಶರ್‌ನ ಜಲಪ್ರಳಯ 2348ರಲ್ಲಿ. ಅಂದರೆ ಆ ಕಲ್ಲುಗಳು ಲೋಕವನ್ನೆಲ್ಲ ಮುಳುಗಿಸಿದ ನೀರಿಗೆ ಮುಂಚೆಯೇ ನಿಂತಿದ್ದವು ಎಂದಾಗುತ್ತದೆ. ಈಜಿಪ್ಟಿನ ಪುರೋಹಿತ ಮನೆಥೋ ಕೊಟ್ಟ ಮೂವತ್ತು ರಾಜವಂಶಗಳ ಪಟ್ಟಿಗೆ ಈ ಚೌಕಟ್ಟಿನಲ್ಲಿ ಜಾಗವೇ ಇಲ್ಲ. ಚೌಕಟ್ಟನ್ನು ಮೊದಲೇ ಹಾಕಿ, ಅದರೊಳಗೆ ಹಿಡಿಸದ ಜನರ ನೆನಪನ್ನು ಕತ್ತರಿಸಿದ್ದು ಚಿಕ್ಕ ತಪ್ಪಲ್ಲ.

ಆ ಕಾಲಕ್ಕೆ ಅಷ್ಟೇ ಸಾಧ್ಯವಿತ್ತು ಎಂಬ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಅಶರ್‌ನ ಗ್ರಂಥ ಇಂಗ್ಲಿಷಿಗೆ ಬಂದ 1658ರಲ್ಲೇ ಜೆಸ್ಯೂಟ್ ಪಾದ್ರಿ ಮಾರ್ಟಿನೊ ಮಾರ್ಟಿನಿ ಚೀನಾದ ಪ್ರಾಚೀನ ಚರಿತ್ರೆಯನ್ನು ಯುರೋಪಿನಲ್ಲಿ ಅಚ್ಚುಹಾಕಿಸಿದ. ಚೀನೀಯರ ದಾಖಲೆಯಂತೆ ಅವರ ಅರಸರ ಸಾಲು ಕ್ರಿ.ಪೂ. 2952ರಿಂದ ಆರಂಭ, ಪ್ರಳಯಕ್ಕಿಂತ ಆರು ನೂರು ವರ್ಷ ಮೊದಲು. ಅಶರ್ ಎರಡು ವರ್ಷದ ಹಿಂದೆ ತೀರಿಹೋಗಿದ್ದ, ಅವನನ್ನು ದೂರುವಂತಿಲ್ಲ. ಆದರೆ ಹೀಬ್ರೂ ಪಾಠದಲ್ಲಿ ಪ್ರಳಯದವರೆಗೆ 1656 ವರ್ಷ, ಗ್ರೀಕ್ ಪಾಠದಲ್ಲಿ ಎರಡು ಸಾವಿರಕ್ಕೂ ಹೆಚ್ಚು, ಸಮಾರ್ಯದವರ ಪಾಠದಲ್ಲಿ 1307 ಎಂಬುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಹಸ್ತಪ್ರತಿಗಳನ್ನು ತರಿಸಿಕೊಂಡವನೇ ಅವನು! ಹೀಗಿದ್ದೂ ಪುಟದ ಮೇಲೆ ಬಂದದ್ದು ಒಂದೇ ಅಂಕಿ, ಜೊತೆಗೆ ವಾರ ಮತ್ತು ತಾರೀಖು. ಮನುಷ್ಯನ ಸೃಷ್ಟಿ ಅಕ್ಟೋಬರ್ 28ರ ಶುಕ್ರವಾರ ಎಂದು ಬರೆದ ಕೈಯೇ ಅಲೆಕ್ಸಾಂಡರನ ಯುದ್ಧಕ್ಕೂ ಇಸವಿ ಬರೆಯುತ್ತದೆ. ಎರಡೂ ಒಂದೇ ಅಚ್ಚಿನಲ್ಲಿ, ಒಂದೇ ಗಾಂಭೀರ್ಯದಲ್ಲಿ ಕಾಣುತ್ತವೆ. ಯಾವುದು ಗಟ್ಟಿ ನೆಲ, ಯಾವುದು ಕೆಸರು ಎಂದು ಹೊಸ ಓದುಗನಿಗೆ ಹೇಗೆ ತಿಳಿಯಬೇಕು?

ಸೊಲೊಮೋನನ ದೇವಾಲಯ ಸೃಷ್ಟಿಯ 3000ನೆಯ ವರ್ಷಕ್ಕೆ ಪೂರ್ತಿಯಾಗುತ್ತದೆ. ಅಲ್ಲಿಂದ ಸರಿಯಾಗಿ ಸಾವಿರ ವರ್ಷಕ್ಕೆ ಯೇಸು ಹುಟ್ಟುತ್ತಾನೆ. ಅಶರ್ ಬೇಕೆಂದೇ ಅಂಕಿಗಳನ್ನು ಬಾಗಿಸಿದ ಎಂದು ನಾನು ಹೇಳುವುದಿಲ್ಲ. ಆದರೆ ಎರಡು ಓದುಗಳು ಸಾಧ್ಯವಿದ್ದ ಕಡೆ, ತೆರಹನ ವಯಸ್ಸಿನಂಥ ಕಡೆ, ಇಷ್ಟು ಸುಂದರವಾದ ಸಂಖ್ಯೆ ಕೈಬೀಸಿ ಕರೆಯುವಾಗ ಯಾವ ಭಕ್ತನ ಮನಸ್ಸು ತಟಸ್ಥವಾಗಿ ಉಳಿದೀತು?

ಈ ಪುಸ್ತಕ ಕಪಾಟಿನಲ್ಲೇ ಉಳಿದಿದ್ದರೆ ನನಗೆ ಇಷ್ಟು ಕಾಳಜಿ ಇರುತ್ತಿರಲಿಲ್ಲ. 1701ರಿಂದ ಇದರ ಇಸವಿಗಳು ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಅಚ್ಚಾಗತೊಡಗಿ, ದೇವರ ಮಾತಿನ ಪಕ್ಕದಲ್ಲೇ ಕೂತು ದೇವರ ಮಾತಿನಷ್ಟೇ ತೂಕ ಪಡೆದವು. ಆರು ಸಾವಿರ ವರ್ಷಗಳ ಆ ಚೌಕಟ್ಟು ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು. ಕಲ್ಕತ್ತದಲ್ಲಿ 1788ರಲ್ಲಿ ಹಿಂದೂಗಳ ಕಾಲಗಣನೆಯ ಬಗ್ಗೆ ಬರೆದ ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಮೊದಲ ಮೂರು ಯುಗಗಳನ್ನು ಬಹುಮಟ್ಟಿಗೆ ಪುರಾಣಕ್ಕೆ ಸೇರಿಸಿ, ಚಾರಿತ್ರಿಕ ಕಾಲವನ್ನು ಕ್ರಿಸ್ತನ ಹಿಂದಿನ ಸುಮಾರು ಎರಡು ಸಾವಿರ ವರ್ಷದಾಚೆಗೆ ಒಯ್ಯಲಾಗದು ಎಂದ. ಅವನ ತೀರ್ಮಾನದಲ್ಲಿ ಪಾಂಡಿತ್ಯವೂ ಇತ್ತು, ನೋಹನ ಪ್ರಳಯವೂ ಇತ್ತು. ರವಿಕೀರ್ತಿಯ 3735ನ್ನು ನಾನೂ ಚರಿತ್ರೆಯೆಂದು ಕಲಿಸುವುದಿಲ್ಲ, ಅದು ಏಳನೆಯ ಶತಮಾನದ ಜನ ಏನು ನಂಬಿದ್ದರು ಎಂಬುದಕ್ಕೆ ಸಾಕ್ಷಿ. ಅಶರ್‌ನ ಇಸವಿಗಳಿಗೂ ಅದೇ ಅಳತೆ ಸಾಕು. ಆದರೆ ಇಂದೂ ಭೂಮಿಯ ವಯಸ್ಸು ಆರು ಸಾವಿರ ವರ್ಷವೆಂದು ನಂಬುವವರು ಈ ಗ್ರಂಥವನ್ನು ಹೊಸ ಇಂಗ್ಲಿಷಿನಲ್ಲಿ 2003ರಲ್ಲಿ ಮತ್ತೆ ಅಚ್ಚುಹಾಕಿ ಚರಿತ್ರೆಯೆಂದೇ ಹಂಚುತ್ತಿದ್ದಾರೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮೇಲೆ ಓಡಾಡಿ ಬೆಳೆದ ಮಕ್ಕಳ ಕೈಗೆ ಅಂಥ ಪ್ರತಿಯನ್ನು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಒಂದೊಂದು ಇಸವಿಯ ಗೂಟ ಹುಡುಕುವ ಅಭ್ಯಾಸ ಒಳ್ಳೆಯದೇ. ಅದಕ್ಕೆ ಇಂದು ಇನ್ನೂ ಗಟ್ಟಿಯಾದ ಗೂಟಗಳಿವೆ. ಅಸ್ಸೀರಿಯದ ಅಧಿಕಾರಿಗಳ ವರ್ಷಪಟ್ಟಿಯಲ್ಲಿ ದಾಖಲಾದ ಸೂರ್ಯಗ್ರಹಣ ಕ್ರಿ.ಪೂ. 763ರ ಜೂನ್ 15ರದು. ನೆಬೂಕದ್ನೆಚ್ಚರನ ಕಾಲದ್ದನ್ನು ಹೇಳುವ ಬಾಬೆಲಿನ ಮಣ್ಣಿನ ಫಲಕ 1956ರಲ್ಲಿ ಪ್ರಕಟವಾಯಿತು. ಯೆಹೂದದ ಪಟ್ಟಣವನ್ನು ಅವನು ಹಿಡಿದದ್ದು ಆದಾರ್ ತಿಂಗಳ ಎರಡನೆಯ ದಿನ ಎಂದು ಅದರಲ್ಲಿದೆ, ನಮ್ಮ ಲೆಕ್ಕದಲ್ಲಿ ಕ್ರಿ.ಪೂ. 597ರ ಮಾರ್ಚ್ ಮಧ್ಯ. ಯೆಹೋಯಾಖೀನ ಸೆರೆಹೋದದ್ದು ಆಗಲೇ.

ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಇನ್ನೂ ಚಿಕ್ಕ ಫಲಕಗಳ ಚಿತ್ರ. ಬಾಬೆಲಿನ ಅರಮನೆಯ ಅವಶೇಷಗಳಲ್ಲಿ ಜರ್ಮನ್ ಉತ್ಖನನಕಾರರಿಗೆ ಸಿಕ್ಕವು ಅವು. 1939ರಲ್ಲಿ ಪ್ರಕಟವಾದವು. ಉಗ್ರಾಣದವರು ಯಾರು ಯಾರಿಗೆ ಎಷ್ಟು ಎಣ್ಣೆ ಅಳೆದು ಕೊಟ್ಟರು ಎಂಬ ಲೆಕ್ಕ ಅಷ್ಟೇ. ಆ ಸಾಲುಗಳ ನಡುವೆ ಯೆಹೂದದ ಅರಸ ಯೆಹೋಯಾಖೀನನ ಹೆಸರಿದೆ, ಅವನ ಐವರು ಮಕ್ಕಳ ಪಾಲೂ ಇದೆ.