ಪ್ಲೇ ಆಗುತ್ತಾ ಅಂದ್ರೆ 'ಆಗಬಹುದೇನೋ' ಅನ್ನುವ ಬ್ರೌಸರ್

ಬ್ರೌಸರ್‌ಗೆ ಒಂದು ಪ್ರಶ್ನೆ ಕೇಳುವ ವ್ಯವಸ್ಥೆ ಇದೆ. 'ಈ ವಿಡಿಯೋ ನಿನ್ನಲ್ಲಿ ಪ್ಲೇ ಆಗುತ್ತಾ?' ಅಂತ. ಅದಕ್ಕೆಂದೇ ಕ್ಯಾನ್‌ಪ್ಲೇಟೈಪ್ ಅನ್ನೋ ಫಂಕ್ಷನ್ ಮಾಡಿಟ್ಟಿದ್ದಾರೆ. ಅದು ಕೊಡುವ ಉತ್ತರಗಳು ಮೂರೇ ಮೂರು. ಒಂದು 'ಪ್ರಾಬಬ್ಲಿ'. ಇನ್ನೊಂದು 'ಮೇಬಿ'. ಮೂರನೆಯದು ಖಾಲಿ, ಅಂದ್ರೆ ಬಾಯೇ ಬಿಡುವುದಿಲ್ಲ. 'ಹೌದು' ಅನ್ನುವ ಉತ್ತರ ಪಟ್ಟಿಯಲ್ಲೇ ಇಲ್ಲ. ಮೊದಮೊದಲು 'ನೋ' ಅಂತ ಒಂದಿತ್ತು, ಅಷ್ಟು ಖಡಾಖಂಡಿತ ಮಾತು ಯಾಕೆ ಅನ್ನಿಸಿತೋ ಏನೋ, ಅದನ್ನೂ ತೆಗೆದರು. ಇದು ಜೋಕಲ್ಲ. ಖಾತ್ರಿ ಇಲ್ಲದಿದ್ದರೆ 'ಮೇಬಿ' ಅನ್ನಿ ಅಂತ ಬ್ರೌಸರ್ ಮಾಡುವವರಿಗೆ ಸ್ಟ್ಯಾಂಡರ್ಡ್‌ನಲ್ಲೇ ಬುದ್ಧಿಮಾತು ಹೇಳಿದ್ದಾರೆ.

ಪಾಪ, ಅದರದ್ದೂ ತಪ್ಪಲ್ಲ ಬಿಡಿ. ಎಂಪಿ4 ಅನ್ನೋದು ಬರೀ ಡಬ್ಬಿಯ ಹೆಸರು. ಒಳಗೆ ವಿಡಿಯೋವನ್ನು ಅದುಮಿ ತುಂಬಲು ಬಳಸಿದ ಕೋಡೆಕ್ ಎಚ್.264 ಇರಬಹುದು, ಎಚ್.265 ಇರಬಹುದು, ಎವಿ1 ಇರಬಹುದು. ಡಬ್ಬಿ ಮಾತ್ರ ತೋರಿಸಿ ಕೇಳಿದರೆ 'ಮೇಬಿ'. ಒಳಗಿನ ಕೋಡೆಕ್‌ನ ಹೆಸರು, ಪ್ರೊಫೈಲು, ಲೆವೆಲ್ಲು ಎಲ್ಲ ಸೇರಿಸಿ ಕೇಳಿದರೆ 'ಪ್ರಾಬಬ್ಲಿ'. ಇಷ್ಟು ಜಾತಕ ಕೊಟ್ಟ ಮೇಲೂ ಅಷ್ಟೇ. ಜಗತ್ತಿನ ಅತಿ ದೊಡ್ಡ ಕಂಪನಿಗಳು ಕಟ್ಟಿದ ಸಾಫ್ಟ್‌ವೇರ್ ಇಷ್ಟೊಂದು ಅಂಜಿಕೊಂಡು ಮಾತಾಡುತ್ತೆ ಅಂದ್ರೆ, ಹಿಂದೆ ಎಲ್ಲೋ ವಕೀಲರು ಕೂತಿರಲೇಬೇಕು ಅಲ್ವಾ? ಕೂತಿದ್ದಾರೆ.

2007ರಲ್ಲಿ ಒಪೆರಾ ಅನ್ನೋ ಬ್ರೌಸರ್ ಕಂಪನಿಯವರು ವೆಬ್ ಪುಟದಲ್ಲಿ ವಿಡಿಯೋ ಕೂರಿಸೋದಕ್ಕೂ ಒಂದು ಟ್ಯಾಗ್ ಇರಲಿ ಅಂದರು. ಅಲ್ಲಿಯವರೆಗೆ ಫ್ಲ್ಯಾಶ್, ರಿಯಲ್‌ಪ್ಲೇಯರ್, ಕ್ವಿಕ್‌ಟೈಮ್ ಅಂತ ಪ್ಲಗಿನ್ ಇಳಿಸಿಕೊಳ್ಳೋದೇ ಒಂದು ಕೆಲಸವಾಗಿತ್ತು. ಎಲ್ಲರೂ ಭೇಷ್ ಅಂದರು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್5ರ ಕರಡಿನಲ್ಲಿ ಒಂದು ಸಾಲು ಕೂಡ ಸೇರಿತು: ಬ್ರೌಸರ್‌ಗಳು ಓಗ್ ಥಿಯೋರಾ ಅನ್ನೋ ಫಾರ್ಮ್ಯಾಟನ್ನು ಬೆಂಬಲಿಸಬೇಕು. ಅದು ಫ್ರೀ, ಯಾರಿಗೂ ಕಾಸು ಕೊಡಬೇಕಾಗಿಲ್ಲ. ಇದೇ ಸಮಸ್ಯೆ ಆಯಿತು. ನೋಕಿಯಾ ಮತ್ತು ಆಪಲ್ ತಕರಾರು ತೆಗೆದವು. 2007ರ ಡಿಸೆಂಬರ್‌ನಲ್ಲಿ ಆ ಸಾಲು ಮಾಯ.

ಆಪಲ್ ಹೇಳಿದ ಕಾರಣಗಳಲ್ಲಿ ಒಂದನ್ನು ಗಮನವಿಟ್ಟು ನೋಡಿ. ಥಿಯೋರಾದೊಳಗೆ ಯಾರದ್ದೋ ಪೇಟೆಂಟ್ ಅಡಗಿರಬಹುದು, ನಾಳೆ ಯಾರಾದರೂ ಕೇಸ್ ಹಾಕಬಹುದು. ಅಂದ್ರೆ ಯಾರೂ ದುಡ್ಡು ಕೇಳದ ಫಾರ್ಮ್ಯಾಟ್ ಅಪಾಯಕಾರಿ. ದುಡ್ಡು ಕೇಳುವ ಎಚ್.264 ಸುರಕ್ಷಿತ, ಯಾಕಂದ್ರೆ ಯಾರಿಗೆ ಕೊಡಬೇಕು ಅಂತ ಗೊತ್ತಿದೆ. ಆ ಎಚ್.264ರ ಪೇಟೆಂಟ್ ಒಡೆಯರ ಪಟ್ಟಿಯಲ್ಲಿ ಆಪಲ್ ಕೂಡ ಇತ್ತು, ಮೈಕ್ರೋಸಾಫ್ಟ್ ಕೂಡ ಇತ್ತು. ಸುಮ್ನೆ ಹೇಳಿದೆ ಅಷ್ಟೇ.

2009ರಲ್ಲಿ ಎಚ್‌ಟಿಎಂಎಲ್5ರ ಸಂಪಾದಕ ಇಯಾನ್ ಹಿಕ್ಸನ್ ಯಾರು ಯಾವುದಕ್ಕೆ ಒಪ್ಪುವುದಿಲ್ಲ ಅಂತ ಪಟ್ಟಿ ಬರೆದು, ಎಲ್ಲರೂ ಒಪ್ಪುವ ಕೋಡೆಕ್ ಒಂದೂ ಇಲ್ಲ ಅಂತ ಕೈಚೆಲ್ಲಿದರು. ಹೀಗಾಗಿ ವಿಡಿಯೋ ಟ್ಯಾಗ್ ಇಡೀ ಜಗತ್ತಿಗೆ ಒಂದೇ, ಅದರೊಳಗೆ ಯಾವ ವಿಡಿಯೋ ಅನ್ನೋದು ಅವರವರ ಭಾವಕ್ಕೆ.

ಮುಂದಿನದು ಇನ್ನೂ ಚೆನ್ನಾಗಿದೆ. 2010ರಲ್ಲಿ ಗೂಗಲ್, ಆನ್2 ಅನ್ನೋ ಕಂಪನಿಯನ್ನು ಕೊಂಡು, ಅದರ ವಿಪಿ8 ಕೋಡೆಕನ್ನು ವೆಬ್‌ಎಂ ಹೆಸರಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟಿತು. 2011ರ ಜನವರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇನ್ನೊಂದೆರಡು ತಿಂಗಳಲ್ಲಿ ಕ್ರೋಮ್‌ನಿಂದ ಎಚ್.264 ಕಿತ್ತು ಹಾಕುತ್ತೇವೆ ಅಂತ ಘೋಷಿಸಿತು. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಎಚ್.264 ಇವತ್ತಿಗೂ ಕ್ರೋಮ್‌ನಲ್ಲಿ ಕಾಲು ಚಾಚಿ ಮಲಗಿದೆ. ಲೈಸೆನ್ಸ್ ದುಡ್ಡು ಕೊಡಲ್ಲ ಅಂತ ಹಟ ಹಿಡಿದು, ಆ ಮಾತನ್ನೂ ನಂಬಿ ಕೂತಿದ್ದ ಫೈರ್‌ಫಾಕ್ಸ್ ಬ್ರೌಸರ್‌ನ ಮೊಜಿಲ್ಲಾದವರು 2012ರಲ್ಲಿ ಸೋತು ಕೈ ಎತ್ತಿದರು.

ಆಗ ಬಂದದ್ದು ನೆಟ್‌ವರ್ಕ್ ಸಲಕರಣೆ ಮಾಡುವ ಸಿಸ್ಕೋ ಕಂಪನಿ. 2013ರಲ್ಲಿ ಅದು ಓಪನ್‌ಎಚ್264 ಅಂತ ಕೋಡ್ ಬಿಡುವುದಾಗಿ ಹೇಳಿತು. ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ, ಓದಿ, ತಿದ್ದಿ, ಏನಾದರೂ ಮಾಡಿ. ಆದರೆ ನೀವೇ ಕಂಪೈಲ್ ಮಾಡಿ, ಅಂದ್ರೆ ಕಂಪ್ಯೂಟರ್ ಓಡಿಸಬಲ್ಲ ಫೈಲಾಗಿ ಮಾಡಿ, ಹಂಚಿದರೆ ರಾಯಲ್ಟಿ ನಿಮ್ಮ ತಲೆಗೆ. ಸಿಸ್ಕೋದವರು ಕಂಪೈಲ್ ಮಾಡಿದ್ದನ್ನು ಅವರ ಸರ್ವರ್‌ನಿಂದಲೇ ಇಳಿಸಿಕೊಂಡರೆ ರಾಯಲ್ಟಿ ಅವರೇ ಕಟ್ಟುತ್ತಾರೆ. ಕೋಡ್ ಅದೇ. ಯಾರು ಅಡುಗೆ ಮಾಡಿದರು, ಯಾರ ಕೈಯಿಂದ ಬಡಿಸಿದರು ಅನ್ನೋದರ ಮೇಲೆ ಮಡಿ-ಮೈಲಿಗೆ ತೀರ್ಮಾನ. ಫೈರ್‌ಫಾಕ್ಸ್ ಆ ಫೈಲನ್ನು ತನ್ನ ಜೊತೆ ತರದೆ, ಸಿಸ್ಕೋ ಮನೆ ಬಾಗಿಲಿಗೆ ಹೋಗಿ ತರುವ ಗುಟ್ಟು ಇದೇ.

ಇಷ್ಟಕ್ಕೇ ಬುದ್ಧಿ ಬಂತು ಅಂದುಕೊಳ್ಳಬೇಡಿ. 2013ರಲ್ಲೇ ಎಚ್.265 ಬಂತು. ಅದೇ ಗುಣಮಟ್ಟ, ಹೆಚ್ಚುಕಮ್ಮಿ ಅರ್ಧ ಸೈಜು. ಸಂತೋಷ. ಆದರೆ 2017ರ ಹೊತ್ತಿಗೆ ಅದಕ್ಕೆ ಲೈಸೆನ್ಸ್ ಕೊಡುವ ಅಂಗಡಿಗಳು ಮೂರಾಗಿದ್ದವು, ಮೂರಕ್ಕೂ ಸೇರದೆ ಹೊರಗೆ ನಿಂತ ಪೇಟೆಂಟ್‌ದಾರರು ಬೇರೆ. ಅದೇ ವರ್ಷ ಆಪಲ್ ಐಫೋನ್‌ನಲ್ಲಿ ಇದನ್ನೇ ಮಾಮೂಲಿ ಫಾರ್ಮ್ಯಾಟ್ ಮಾಡಿತು. ಅಮೆರಿಕದಿಂದ ಬಂದ ಮಗ ಗೃಹಪ್ರವೇಶದ ವಿಡಿಯೋ ಐಫೋನ್‌ನಲ್ಲಿ ತೆಗೆದು ಪೆನ್‌ಡ್ರೈವ್‌ಗೆ ಹಾಕಿಕೊಟ್ಟು ವಿಮಾನ ಹತ್ತುತ್ತಾನೆ. ಅಪ್ಪ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ ಪುರೋಹಿತರ ಮಂತ್ರ ಕೇಳುತ್ತದೆ, ಪುರೋಹಿತರು ಕಾಣಿಸುವುದಿಲ್ಲ. ಕಾಣಬೇಕಾದರೆ ಮೈಕ್ರೋಸಾಫ್ಟ್ ಸ್ಟೋರ್‌ಗೆ ಹೋಗಿ ಒಂದು ಎಕ್ಸ್‌ಟೆನ್ಷನ್ ಕೊಳ್ಳಬೇಕು. ಅಮೆರಿಕದಲ್ಲಿ ಅದರ ಬೆಲೆ 99 ಸೆಂಟ್. ಸ್ವಂತ ಮನೆ, ಸ್ವಂತ ಮಗ, ಸ್ವಂತ ಲ್ಯಾಪ್‌ಟಾಪ್, ನೋಡೋದಕ್ಕೆ ಮಾತ್ರ ಟಿಕೆಟ್.

2025ರಲ್ಲಿ ಇದಕ್ಕೂ ಕಿರೀಟ ಇಟ್ಟರು. ಎಚ್‌ಪಿ ಮತ್ತು ಡೆಲ್ ತಮ್ಮ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್.265 ಬೆಂಬಲವನ್ನು ಆಫ್ ಮಾಡಿರುವ ಸುದ್ದಿ ಹೊರಬಂತು. ಚಿಪ್‌ಗೆ ಆ ವಿದ್ಯೆ ಗೊತ್ತಿದೆ, ನೀವು ಚಿಪ್‌ಗೆ ದುಡ್ಡೂ ಕೊಟ್ಟಿದ್ದೀರಿ. ಆದರೂ 'ನಿನಗೆ ಬರಲ್ಲ ಅಂತ ಹೇಳು' ಅಂತ ಅದಕ್ಕೆ ಕಲಿಸಿ ಕಳಿಸಿದ್ದಾರೆ.

ಈ ರಗಳೆ ಬೇಡ ಅಂತಲೇ 2015ರಲ್ಲಿ ಗೂಗಲ್, ಮೊಜಿಲ್ಲಾ, ಮೈಕ್ರೋಸಾಫ್ಟ್, ಅಮೆಜಾನ್, ನೆಟ್‌ಫ್ಲಿಕ್ಸ್, ಇಂಟೆಲ್, ಸಿಸ್ಕೋ ಸೇರಿ ಕೂಟ ಕಟ್ಟಿದವು. 2018ರಲ್ಲಿ ಎವಿ1 ಬಂತು, ರಾಯಲ್ಟಿ ಇಲ್ಲ ಅಂತ ಡಂಗುರ ಆಯಿತು. ಮಾರನೆಯ ವರ್ಷವೇ ಸಿಸ್ವೆಲ್ ಅನ್ನೋ ಕಂಪನಿ 'ಇದರಲ್ಲೂ ನಮ್ಮವರ ಪೇಟೆಂಟ್ ಇದೆ' ಅಂತ ರಸೀದಿ ಪುಸ್ತಕ ಹಿಡಿದು ಬಂತು. ಆಪಲ್ ಕೂಡ ಕೂಟಕ್ಕೆ ಸೇರಿತ್ತು, ಆದರೆ ಐಫೋನ್‌ನ ಸಫಾರಿ ಬ್ರೌಸರ್‌ನಲ್ಲಿ ಎವಿ1 ಓಡಲು ಅದನ್ನು ಬಿಚ್ಚಿ ತೋರಿಸುವ ಡಿಕೋಡರ್ ಚಿಪ್‌ನಲ್ಲೇ ಬೇಕು, ಅದು ಮೊದಲು ಬಂದದ್ದು 2023ರ ಐಫೋನ್ 15 ಪ್ರೋದಲ್ಲಿ. ಆಗ ಭಾರತದಲ್ಲಿ ಅದರ ಆರಂಭಿಕ ಬೆಲೆ 1,34,900 ರೂಪಾಯಿ ಇತ್ತು. ಫಾರ್ಮ್ಯಾಟ್ ಮಾತ್ರ ಫ್ರೀ.

'ಬೇರೆ ಬ್ರೌಸರ್‌ನಲ್ಲಿ ನೋಡಿ' ಅನ್ನುವ ಸಲಹೆಗಾರರೂ ಇದ್ದಾರೆ. ನಮ್ಮ ಐಫೋನ್‌ಗಳಲ್ಲಿ ಕ್ರೋಮ್ ತೆರೆದರೂ ಫೈರ್‌ಫಾಕ್ಸ್ ತೆರೆದರೂ ಒಳಗಿನ ಎಂಜಿನ್ ಸಫಾರಿಯದ್ದೇ. ಬೇರೆ ಎಂಜಿನ್ ಬೇಕೆಂದಿದ್ದರೆ ಯುರೋಪಿನಲ್ಲೋ ಜಪಾನಿನಲ್ಲೋ ಹುಟ್ಟಬೇಕಿತ್ತು, ಯುರೋಪಿನಲ್ಲಿ 2024ರಿಂದ, ಜಪಾನಿನಲ್ಲಿ 2025ರ ಕೊನೆಯಿಂದ ಕಾನೂನಿನ ಒತ್ತಾಯಕ್ಕೆ ಅನುಮತಿ ಕೊಟ್ಟಿದ್ದಾರೆ.

ಹೀಗಾಗಿ ವೆಬ್‌ಸೈಟ್ ಮಾಡುವವರು ಒಂದೇ ವಿಡಿಯೋವನ್ನು ಎರಡು ಮೂರು ಥರ ಎನ್‌ಕೋಡ್ ಮಾಡಿ, ಸಾಲಾಗಿ ಜೋಡಿಸಿ, ಯಾವುದಾದರೂ ಒಂದು ಹತ್ತಲಿ ಅಂತ ಬಿಡುತ್ತಾರೆ. ಕೊನೆಗೆ ತಪ್ಪದೆ 'ನಿಮ್ಮ ಬ್ರೌಸರ್ ವಿಡಿಯೋ ಟ್ಯಾಗನ್ನು ಬೆಂಬಲಿಸುವುದಿಲ್ಲ' ಅಂತ ವಿನಯದಿಂದ ಒಂದು ಸಾಲು ಬರೆಯುತ್ತಾರೆ. ಆ ಸಾಲು ಕಾಣಿಸೋದು ವಿಡಿಯೋ ಟ್ಯಾಗ್ ಅಂದರೇನು ಅಂತಲೇ ಗೊತ್ತಿಲ್ಲದ ಓಬೀರಾಯನ ಕಾಲದ ಬ್ರೌಸರ್‌ಗಳಲ್ಲಿ ಮಾತ್ರ. ಟ್ಯಾಗ್ ಗೊತ್ತಿದ್ದು ಫಾರ್ಮ್ಯಾಟ್ ಗೊತ್ತಿಲ್ಲದ ಬ್ರೌಸರ್ ಅದನ್ನು ತೋರಿಸುವುದೇ ಇಲ್ಲ. ಇಂದಿಗೂ ಸಾವಿರಾರು ಪುಟಗಳಲ್ಲಿ ಅದನ್ನು ಶ್ರದ್ಧೆಯಿಂದ ಕಾಪಿ-ಪೇಸ್ಟ್ ಮಾಡುತ್ತಿದ್ದಾರೆ.