ಕಳೆದಿಲ್ಲ, ಮನೆಯಲ್ಲೇ ಉಂಟು

ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬ್ಲಾಕ್ ಆಗಿತ್ತು. ಜೂನ್ ತಿಂಗಳ ಮಳೆ. ಗಾಜಿನ ಒಳಗಡೆ ಮಂಜು ಕಟ್ಟಿ, ಎದುರಿನ ಬಸ್ಸು ಬರೀ ಎರಡು ಕೆಂಪು ಚುಕ್ಕಿಯಾಗಿ ಕಾಣುತ್ತಿತ್ತು. ಒರೆಸಲು ಒಂದು ಬಟ್ಟೆ ತುಂಡು ಸಿಗುತ್ತದಾ ಅಂತ ಡ್ಯಾಶ್‌ಬೋರ್ಡ್ ತೆರೆದೆ. ಸೆಕೆಂಡ್ ಹ್ಯಾಂಡ್ ಕಾರು, ನನ್ನ ಕೈಗೆ ಬಂದು ಒಂಬತ್ತು ದಿನ ಆಗಿತ್ತು. ಬಟ್ಟೆ ಸಿಗಲಿಲ್ಲ. ಒಂದು ಜಪಮಾಲೆ, ಎರಡು ಪೆಪ್ಪರ್‌ಮಿಂಟ್, ಅವಧಿ ಮುಗಿದ ಹೊಗೆ ಸರ್ಟಿಫಿಕೇಟು, ಮತ್ತೆ ಕಾಗದಪತ್ರದ ನೀಲಿ ಫೋಲ್ಡರು ಸಿಕ್ಕಿದವು. ಫೋಲ್ಡರಿನ ಸಣ್ಣ ಕಿಸೆಯಲ್ಲಿ ಆರ್‌ಸಿ ಕಾರ್ಡು ಇತ್ತು. ಇತ್ತು ಅಂತ ಒಂಬತ್ತು ದಿನ ನಂಬಿದ್ದೆ. ಬಸ್ಸು ಹೇಗೂ ಅಲ್ಲಾಡುವುದಿಲ್ಲ ಅಂತ ಸುಮ್ನೆ ಹೊರಗೆ ಎಳೆದು ನೋಡಿದರೆ, ಅದು ಶಾರ್ಜಾದ ಯಾವುದೋ ಸೂಪರ್ ಮಾರ್ಕೆಟ್ಟಿನ ಪಾಯಿಂಟ್ ಕಾರ್ಡು.

ಈ ಪ್ರಕರಣದಿಂದ ನಾನು ಒಂದು ಮುಖ್ಯ ವಿಷಯ ಕಲಿತಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ.

ಕೊಳ್ಳುವಾಗ ಯಾಕೆ ನೋಡಲಿಲ್ಲ ಅಂತ ನೀವು ಕೇಳಬಹುದು. ಎಲ್ಲರೂ ಕೇಳಿಯಾಗಿದೆ. ಹೆಂಡತಿ ಎರಡು ಸಲ ಕೇಳಿದ್ದಾಳೆ. ನೋಡಲಿಲ್ಲ, ಯಾಕೆಂದರೆ ಕಾರು ಮಾರಿದ ಪೊರ್ಬುಗಳ ಹೆಂಡತಿ ಬಾಯಮ್ಮ ಗೋಳಿಬಜೆ ಕೊಟ್ಟಿದ್ದರು. (ಪೊರ್ಬು, ಬಾಯಮ್ಮ ಅಂದರೆ ನಮ್ಮ ಕಡೆ ಕ್ರೈಸ್ತ ಗಂಡಸರನ್ನು, ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹೆಸರು.) ಬಿಕರ್ನಕಟ್ಟೆಯ ಆ ಮನೆಯ ಸಿಟೌಟಿನಲ್ಲಿ ಕೂತು ನಾನು ನಾಲ್ಕು ಗೋಳಿಬಜೆ ತಿಂದಿದ್ದೆ. ಪೊರ್ಬುಗಳು ಇನ್ನೆರಡು ಹಾಕಿಸಿದರು. ಅಷ್ಟು ತಿಂದ ಮೇಲೆ ಆ ಎಣ್ಣೆ ಕೈಯಲ್ಲೇ ಕಾರ್ಡು ಹಿಡಿದು, ಕನ್ನಡಕ ಏರಿಸಿ, ಚಾಸಿಸ್ ನಂಬರು ತಾಳೆ ಹಾಕುವುದು ಹೇಗೆ ಹೇಳಿ? ಅವರೇನು ಅಂದುಕೊಂಡಾರು? ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವಾಗ ಒಂದೊಂದರ ತುದಿ ಮುರಿದು ನೋಡುವ ಜನ ನಾವು. ಲಕ್ಷಗಟ್ಟಲೆ ಕೊಟ್ಟು ಕಾರು ಕೊಳ್ಳುವಾಗ ಮಾತ್ರ ನಮಗೆ ಮರ್ಯಾದೆ ನೆನಪಾಗುತ್ತದೆ. ಈ ಊರಿನಲ್ಲಿ ಮರ್ಯಾದೆಯಷ್ಟು ದುಬಾರಿ ಸಾಮಾನು ಇನ್ನೊಂದಿಲ್ಲ ಮಾರಾಯ್ರೆ.

ಬ್ಲಾಕಿನಲ್ಲೇ ಫೋನ್ ಮಾಡಿದೆ.

"ಆರ್‌ಸಿ ಅದ್ರಲ್ಲೇ ಉಂಟಲ್ಲ?"

"ಇಲ್ಲ, ಪೊರ್ಬುಗಳೇ."

ಸ್ವಲ್ಪ ಹೊತ್ತು ಮಾತಿಲ್ಲ. "ಹಾಗಾದ್ರೆ ಮನೆಯಲ್ಲಿ ಉಂಟು."

"ಮನೆಯಲ್ಲಿ ಎಲ್ಲಿ?"

"ಮನೆಯಲ್ಲೇ."

1988ರ ಮೋಟಾರು ವಾಹನ ಕಾಯ್ದೆ ಇಂಥ ವಿಷಯದಲ್ಲಿ ಸ್ವಲ್ಪ ಅವಸರದ್ದು. ಒಂದೇ ರಾಜ್ಯದೊಳಗೆ ಗಾಡಿ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಹೆಸರು ಬದಲಾವಣೆಯ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಅವತ್ತೇ ಸಹಿ ಹಾಕಿಸಿಕೊಂಡಿದ್ದೆ. ಆ ಬುದ್ಧಿ ಇತ್ತು. ಆದರೆ ಜೊತೆಗೆ ಇಡಲು ಆರ್‌ಸಿಯೇ ಇಲ್ಲ. "ಅದೆಲ್ಲ ಏನೂ ದೊಡ್ಡದಲ್ಲ ಸರ್" ಅಂದ ಏಜೆಂಟ್. "ಡೂಪ್ಲಿಕೇಟ್ ತೆಗೀಬೇಕು. ಫಾರ್ಮ್ 26. ಆದ್ರೆ ಅರ್ಜಿ ನೀವು ಹಾಕಿದ್ರೆ ಆಗುವುದಿಲ್ಲ, ಅವರೇ ಹಾಕ್ಬೇಕು. ಹೆಸರು ಇನ್ನೂ ಅವರದ್ದಲ್ವಾ? ಕಳೆದಿದೆ ಅಂತ ಪೊಲೀಸ್ ಕಂಪ್ಲೇಂಟ್ ಒಂದು, ಅಫಿಡವಿಟ್ ಒಂದು. ಅಷ್ಟೇ."

ಅಷ್ಟೇ ಅಂದದ್ದು ಅವನಿಗೆ ಪೊರ್ಬುಗಳ ಪರಿಚಯ ಇಲ್ಲದ್ದರಿಂದ.

"ಕಳೆದಿದೆ ಅಂತ ನಾನು ಹೇಗೆ ಬರೆದುಕೊಡುವುದು?" ಅಂದರು ಅವರು. "ಅದು ಕಳೆದಿಲ್ಲ. ಮನೆಯಲ್ಲೇ ಉಂಟು. ಎಲ್ಲಿ ಅಂತ ಗೊತ್ತಾಗ್ತಾ ಇಲ್ಲ, ಅಷ್ಟೇ. ಕಳೆದಿದೆ ಅಂದ್ರೆ ಸುಳ್ಳು ಆಗುವುದಿಲ್ವಾ? ಅದೂ ಪೊಲೀಸರಿಗೆ. ಅದೂ ಪ್ರಮಾಣ ಮಾಡಿ."

ಮೋಸಗಾರರ ಕೈಗೆ ಸಿಕ್ಕಿ ಕಾರು ಕಳೆದುಕೊಂಡವರ ಕಥೆ ಬೇಕಾದಷ್ಟು ಕೇಳಿದ್ದೆ. ಪ್ರಾಮಾಣಿಕರ ಕೈಗೆ ಸಿಕ್ಕಿಬಿದ್ದವನ ಕಥೆ ಯಾರೂ ಹೇಳಿರಲಿಲ್ಲ. ಹೆದರಿಸಿ ನೋಡೋಣ ಅಂತ ಕಾನೂನು ತೆಗೆದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರ ತಲೆಗೇ ಬರುತ್ತದೆ, 2018ರಲ್ಲಿ ಸುಪ್ರೀಂ ಕೋರ್ಟೇ ಹೀಗೆ ಹೇಳಿದೆ ಅಂದೆ. ಪೊರ್ಬುಗಳು ಗಂಭೀರವಾಗಿ ತಲೆಯಾಡಿಸಿದರು.

"ಹಾಗಾದ್ರೆ ನೀವು ಮೆಲ್ಲ ಓಡಿಸಿ."

ಹಾಗಾಗಿ ಹುಡುಕುವುದೊಂದೇ ಉಳಿಯಿತು. ಹುಡುಕುವುದು ಅಂದರೆ ನಮ್ಮ ಕಡೆ ಮೊದಲು ಕಪಾಟು ತೆರೆಯುವುದಲ್ಲ, ಮೊದಲು ಹರಕೆ ಹೇಳಿಕೊಳ್ಳುವುದು. ಅಮ್ಮನಿಗೆ ವಿಷಯ ತಿಳಿದ ಕೂಡಲೇ ಕೈಮುಗಿದು ನಮ್ಮ ದೈವ ಕೊರಗಜ್ಜನಿಗೆ ಒಂದು ಕಟ್ಟು ಚಕ್ಕುಲಿ ಮತ್ತು ವೀಳ್ಯ ಹೇಳಿಕೊಂಡರು. ಹೊರಗಿನ ಓದುಗರಿಗೆ ಇಷ್ಟು ಹೇಳಿದರೆ ಸಾಕು: ತುಳುನಾಡಿನಲ್ಲಿ ಏನೇ ಕಳೆದರೂ ಪೊಲೀಸ್ ಸ್ಟೇಷನ್ನಿಗಿಂತ ಮೊದಲು ದೂರು ಹೋಗುವುದು ಅಜ್ಜನಿಗೆ. ಅಮ್ಮನ ಹತ್ತಿರ ಇದರದ್ದೊಂದು ದರಪಟ್ಟಿಯೇ ಇದೆ. ಬೀಗದ ಕೈಗೆ ಬರೀ ಎಲೆ ಅಡಿಕೆ. ಬೆಂಡೋಲೆಯ ತಿರುಪಿಗೆ ಚಕ್ಕುಲಿ. ಒಮ್ಮೆ ಪಕ್ಕದ ಮನೆಯ ಗಬ್ಬದ ದನ ಎರಡು ದಿನ ಬಾರದಿದ್ದಾಗ ಶೇಂದಿಯವರೆಗೂ ಹೋಗಿತ್ತು. ಶೇಂದಿ ತರುವ ಜವಾಬ್ದಾರಿ ಅಪ್ಪನದ್ದು. ದೇವರ ಕೆಲಸಗಳಲ್ಲಿ ಅಪ್ಪ ಬಹಳ ಶ್ರದ್ಧೆಯಿಂದ ಮಾಡಿದ್ದು ಅದೊಂದೇ. ದನ ಬಂತು. ಅಪ್ಪ ಬರುವುದು ಸ್ವಲ್ಪ ತಡವಾಯಿತು. ನಾವು ಸಣ್ಣವರಿರುವಾಗ ಅಜ್ಜನ ಸ್ಥಳ ಕುತ್ತಾರಿಗೆ ಹೋದದ್ದೂ ನೆನಪಿದೆ. ಅಲ್ಲಿ ಅಜ್ಜನ ಕೋಲ ನಡೆಯುವ ಹೊತ್ತಿಗೆ ದೀಪ ಹಚ್ಚುವುದಿಲ್ಲ. ಆ ಕತ್ತಲೆಯಲ್ಲಿ ನನ್ನ ಒಂದು ಚಪ್ಪಲಿ ಕಳೆದಿತ್ತು. ಅದನ್ನು ಯಾರಿಗೆ ಹೇಳಿಕೊಳ್ಳುವುದು ಅಂತ ಗೊತ್ತಾಗದೆ ಒಂಟಿ ಚಪ್ಪಲಿಯಲ್ಲೇ ಮನೆಗೆ ಬಂದೆ.

ಅತ್ತ ಬಿಕರ್ನಕಟ್ಟೆಯಲ್ಲಿ ಬಾಯಮ್ಮ ಸಂತ ಅಂತೋನಿಯವರನ್ನು ಹಿಡಿದಿದ್ದರು. ಕಳೆದ ವಸ್ತುಗಳ ಖಾತೆ ಅವರಲ್ಲಿ ಅಂತೋನಿಯವರದ್ದು. ಮಂಗಳವಾರ ಮೇಣದ ಬತ್ತಿ ಹಚ್ಚಿದರಂತೆ. ಹಬ್ಬ ಬೇರೆ ಜೂನ್ 13ಕ್ಕೆ, ಹತ್ತಿರದಲ್ಲೇ ಇತ್ತು. ನಾನು ಹೋದಾಗ ಬಾಯಮ್ಮ ಗಂಡನಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದರು, "ನಿಮ್ಮ ಅಮ್ಮ ಅಜ್ಜನಿಗೆ ಹೇಳಿಕೊಂಡಿದ್ದಾರಾ?" ಹೌದು ಅಂದೆ. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಮನೆಗೆ ಬಂದರೆ ಅಮ್ಮ, "ಅವರಿಗೆ ಹೇಳು, ಇನ್ನೊಂದು ಮೇಣದ ಬತ್ತಿ ನನ್ನ ಲೆಕ್ಕದಲ್ಲಿ ಹಚ್ಚಲಿ" ಅಂದರು.

ಇಬ್ಬರೂ ಕೆಲಸ ಮಾಡಿದರು, ಇಲ್ಲ ಅನ್ನುವ ಹಾಗಿಲ್ಲ. ಉಕ್ಕಿನ ಕಪಾಟಿನ ಮೇಲಿಂದ ಇಳಿಸಿದ ಬಟ್ಟೆ ಅಂಗಡಿಯ ಚೀಲಗಳಿಂದ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂತು. ಬಿಸ್ಕಿಟ್ ಡಬ್ಬಿಯಿಂದ ಕುಕ್ಕರಿನ ವಿಸಿಲ್ ಬಂತು. ಅದಕ್ಕಾಗಿ ಅವರು ಹೊಸ ಕುಕ್ಕರನ್ನೇ ತಂದಿದ್ದರಂತೆ. ಪೊರ್ಬುಗಳ ಹಳೆಯ ಪಾಸ್‌ಪೋರ್ಟು ಬಂತು. ಕೊಲ್ಲಿಗೆ ಹೋದ ಹೊಸತರ ಫೋಟೋ, ದಪ್ಪ ಮೀಸೆ. ಅದನ್ನು ಹಿಡಿದುಕೊಂಡು ಅವರು ಒಂದು ಮಧ್ಯಾಹ್ನ ಪೂರ್ತಿ ಕಳೆದರು. ನನ್ನ ಮನೆಯಲ್ಲೂ ಏನೂ ಹುಡುಕದೆಯೇ ಅಮ್ಮನ ಹಳೆಯ ಕನ್ನಡಕ ಅಕ್ಕಿ ಡ್ರಮ್ಮಿನಲ್ಲಿ ಸಿಕ್ಕಿತು. ಬಾರದ್ದು ಆರ್‌ಸಿ ಒಂದೇ. ನಮ್ಮ ಅರ್ಜಿಯಲ್ಲೇ ಏನೋ ತಪ್ಪಾಗಿರಬೇಕು. ಅಜ್ಜನ ಕಾಲದಲ್ಲೂ ಅಂತೋನಿಯವರ ಕಾಲದಲ್ಲೂ ಸ್ಮಾರ್ಟ್ ಕಾರ್ಡ್ ಎಲ್ಲಿತ್ತು?

ಇಪ್ಪತ್ತಮೂರನೆಯ ದಿನಕ್ಕೆ ನನ್ನ ಸಹನೆ ಮುಗಿಯಿತು. ಸ್ವಲ್ಪ ಜೋರಾಗಿಯೇ ಮಾತಾಡಿದೆ. ನಿಮ್ಮ ಸತ್ಯ ನಿಮ್ಮ ಹತ್ತಿರ ಇರಲಿ, ನನ್ನ ದುಡ್ಡು ಕೊಡಿ, ಕಾರು ನೀವೇ ಇಟ್ಟುಕೊಳ್ಳಿ ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು, ಆದರೆ ವಾಪಸ್ ತೆಗೆದುಕೊಳ್ಳಲಿಲ್ಲ. ಪೊರ್ಬುಗಳು ಏನೂ ಹೇಳದೆ ಅಂಗಳದ ಬಚ್ಚಂಗಾಯಿ ಬಳ್ಳಿ ನೋಡುತ್ತಾ ಕೂತರು. ಬಾಯಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದರು. ಪೊಲೀಸರ ಇ-ಲಾಸ್ಟ್ ಅರ್ಜಿ ನನ್ನ ಮೊಬೈಲಿನಲ್ಲಿ ತೆರೆದೇ ಇತ್ತು. ಎಲ್ಲಿ ಕಳೆದುಹೋಯಿತು ಅಂತ ಅದರಲ್ಲಿ ಒಂದು ಪ್ರಶ್ನೆ. ಎಲ್ಲಿ ಅಂತ ಗೊತ್ತಿದ್ದರೆ ಹೋಗಿ ಹೆಕ್ಕಿಕೊಂಡು ಬರುತ್ತಿದ್ದೆವಲ್ಲ! ಬಾಯಮ್ಮ ಬಗ್ಗಿ ಓದಿದರು.

"ಮನೆಯಲ್ಲಿ ಕಳೆದಿದೆ ಅಂತ ಬರೆಯಿರಿ" ಅಂದರು. "ಮನೆಯಲ್ಲೇ ಉಂಟು ಅನ್ನುವುದೂ ಆಯ್ತು, ಕಳೆದಿದೆ ಅನ್ನುವುದೂ ಆಯ್ತು."

ಪೊರ್ಬುಗಳು ಯೋಚಿಸಿದರು. ಎಷ್ಟು ಯೋಚಿಸಿದರೂ ಅದರಲ್ಲಿ ಸುಳ್ಳು ಸಿಗಲಿಲ್ಲ. ಸಹಿ ಹಾಕಿದರು.

ಉಳಿದದ್ದು ನಿಜವಾಗಿಯೂ "ಅಷ್ಟೇ". ಡೂಪ್ಲಿಕೇಟ್ ಬಂತು, ಆಮೇಲೆ ಹೆಸರೂ ಬದಲಾಯಿತು. ಈಗ ಆ ಸಣ್ಣ ಕಿಸೆಯಲ್ಲಿ ನನ್ನ ಹೆಸರಿನ ಆರ್‌ಸಿ ಇದೆ. ದಿನಕ್ಕೊಮ್ಮೆ ಎಳೆದು ನೋಡುತ್ತೇನೆ. ಶಾರ್ಜಾದ ಕಾರ್ಡನ್ನು ವಾಪಸ್ ಕೊಡಲು ಹೋದೆ. ಮಗ ಬಂದಾಗ ಪಾಯಿಂಟ್ ಬೇಕಾಗಬಹುದು ಅಂತ ಬಾಯಮ್ಮ ಅದನ್ನು ಜೋಪಾನವಾಗಿ ಎಲ್ಲೋ ಇಟ್ಟರು.

ಕೊನೆಗೆ ಹೇಳುತ್ತೇನೆ ಅಂದ ಮುಖ್ಯ ವಿಷಯ ಒಂದಿತ್ತು. ಆದರೆ ಮನೆಯಲ್ಲಿ ಈಗ ಅದಕ್ಕಿಂತ ದೊಡ್ಡ ಪ್ರಶ್ನೆ ಎದ್ದಿದೆ. ಹರಕೆ ಸಲ್ಲಿಸುವುದಾ ಬೇಡವಾ? ಕಳೆದದ್ದು ಸಿಗಲಿಲ್ಲ, ಸಿಕ್ಕಿದ್ದು ಕಳೆದದ್ದಲ್ಲ. ಡೂಪ್ಲಿಕೇಟ್ ಕೊಟ್ಟದ್ದು ಸರಕಾರ, ಅಜ್ಜ ಅಲ್ಲವಲ್ಲ ಅಂತ ನಾನು. ಕನ್ನಡಕ ಕೊಟ್ಟದ್ದು ಯಾರು ಹಾಗಾದ್ರೆ ಅಂತ ಅಮ್ಮ. ಅದು ಅಂತೋನಿಯವರೂ ಆಗಿರಬಹುದು ಅಂದರೆ, ಅವರಿಗೆ ಅಕ್ಕಿ ಡ್ರಮ್ಮಿನ ವಿಷಯ ಹೇಗೆ ಗೊತ್ತು ಅನ್ನುತ್ತಾರೆ. ಬಾಯಮ್ಮನಿಗೆ ಫೋನ್ ಮಾಡಿ ಇಬ್ಬರೂ ಮುಕ್ಕಾಲು ಗಂಟೆ ಚರ್ಚೆ ಮಾಡಿದ್ದಾರೆ. ತೀರ್ಮಾನ ಆಗಿಲ್ಲ. ಚಕ್ಕುಲಿ ಕಟ್ಟು ಮಾತ್ರ ನಾನು ಅವತ್ತೇ ತಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿದ್ದೆ. ನಿನ್ನೆ ಮುಟ್ಟಿ ನೋಡಿದೆ. ಮಳೆಗಾಲ ಅಲ್ವಾ, ಮೆತ್ತಗಾಗಿದೆ.